ಹೆಲ್ಮೆಟ್‌ಗೆ ಇಂಟರ್‌ಕಾಮ್ ಕೂರಿಸೋದು ಹೇಗೆ? ಸೌಂಡ್ ಕೆಡೋದು ಎಲ್ಲಿ?

[ಟೇಬಲ್ ಮೇಲೆ ಫುಲ್‌ಫೇಸ್ ಹೆಲ್ಮೆಟ್. ಪಕ್ಕದಲ್ಲಿ ಬಿಚ್ಚಿಟ್ಟ ಇಂಟರ್‌ಕಾಮ್ ಬಾಕ್ಸ್.]

ಎಲ್ಲರಿಗೂ ನಮಸ್ಕಾರ.

ಇಂಟರ್‌ಕಾಮ್ ಅಂದ್ರೆ ಬೈಕ್ ಓಡಿಸ್ತಾ ಜೊತೆಗಾರರ ಹತ್ರ ಮಾತಾಡೋಕೆ ಹೆಲ್ಮೆಟ್ಟಿಗೆ ಹಾಕೋ ಬ್ಲೂಟೂತ್ ಸೆಟ್ಟು. ಸಾವಿರಾರು ರೂಪಾಯಿ ಸುರಿದು ಇಂಟರ್‌ಕಾಮ್ ತಗೊಂಡು, "ಸ್ಪೀಡ್ ಅರವತ್ತು ದಾಟಿದ್ರೆ ಏನೂ ಕೇಳಲ್ಲ ಗುರೂ, ದುಡ್ಡು ದಂಡ" ಅಂತ ಬೈಕೊಳ್ಳೋರು ತುಂಬ ಜನ ಇದಾರೆ. ಅಂಥವರ ಹೆಲ್ಮೆಟ್ ಬಿಚ್ಚಿ ನೋಡಿದ್ರೆ ಹೆಚ್ಚಿನ ಸಲ ಮೆಷಿನ್ ಚೆನ್ನಾಗೇ ಇರುತ್ತೆ. ಸ್ಪೀಕರ್ ಮಾತ್ರ ಕಿವಿ ಬಿಟ್ಟು ದವಡೆ ಹತ್ರ ಕೂತಿರುತ್ತೆ, ಮೈಕ್ ಗದ್ದದ ಕೆಳಗೆ ಎಲ್ಲೋ ನೇತಾಡ್ತಿರುತ್ತೆ. ಹದಿನೈದು ಸಾವಿರದ ಯೂನಿಟ್ಟು ತಪ್ಪು ಜಾಗದಲ್ಲಿದ್ರೆ, ಸರಿಯಾದ ಜಾಗದಲ್ಲಿರೋ ಐದು ಸಾವಿರದ ಯೂನಿಟ್ಟೇ ಚೆನ್ನಾಗಿ ಕೇಳುತ್ತೆ. ಹಾಗಾಗಿ ಯಾವುದು ತಗೋಬೇಕು ಅನ್ನೋ ಚರ್ಚೆಗೆ ಇವತ್ತು ಹೋಗಲ್ಲ. ಇಸ್ರೇಲಿನ ಕಾರ್ಡೋ ಇದೆ, ಕೊರಿಯಾ ಮೂಲದ ಸೇನಾ ಇದೆ, ನಮ್ಮ ಬೆಂಗಳೂರಿನದೇ ಬ್ಲೂಆರ್ಮರ್ ಇದೆ, ಚೀನಾದ್ದು ಲೆಕ್ಕ ಇಲ್ಲದಷ್ಟಿವೆ. ಯಾವುದೇ ತಗೊಳ್ಳಿ, ಕೂರಿಸೋ ಕೆಲಸ ಹೆಚ್ಚು ಕಡಿಮೆ ಒಂದೇ.

[ಕ್ಲೋಸ್‌ಅಪ್: ಬಾಕ್ಸ್ ಒಳಗಿನ ಸಾಮಾನು ಒಂದೊಂದಾಗಿ]

ಇದು ಮೇನ್ ಯೂನಿಟ್. ಬ್ಯಾಟರಿ, ಆಂಟೆನಾ, ಬಟನ್ ಎಲ್ಲ ಇದರಲ್ಲೇ. ಇವೆರಡು ಸ್ಪೀಕರ್. ಇದು ಕಡ್ಡಿ ಇರೋ ಬೂಮ್ ಮೈಕ್, ಇದು ವೈರಿನ ತುದೀಲಿ ಗುಂಡಿ ಥರ ಇರೋ ಮೈಕ್. ಒಂದು ಕ್ಲಾಂಪ್, ಒಂದು ಅಂಟಿಸೋ ಪ್ಲೇಟ್, ವೆಲ್ಕ್ರೋ ತುಂಡುಗಳು, ಚಿಕ್ಕ ಆಲನ್ ಕೀ. ಮೈಕಿನ ಸ್ಪಾಂಜ್ ಟೋಪಿ ಕವರಿನ ಜೊತೆ ಕಸಕ್ಕೆ ಹೋಗೋದು ಮಾಮೂಲು. ಜೋಪಾನ. ಅದು ಶೋಕಿಗಲ್ಲ, ಗಾಳಿ ತಡೆಯೋಕೆ.

ವಾಕಿಟಾಕಿ ಹಾಕ್ಕೊಂಡ್ರೆ ಆಗಲ್ವಾ ಅಂತ ಕೇಳ್ತೀರ. ಆಗುತ್ತೆ. ಆದ್ರೆ ಅದರಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು, ಬಟನ್ ಒತ್ತಿ ಹಿಡೀಬೇಕು. ಲೈಸೆನ್ಸ್ ಇಲ್ಲದೆ ಬಳಸಬಹುದಾದ ಸೆಟ್‌ಗಳು 446 ಮೆಗಾಹರ್ಟ್ಸ್ ಪಟ್ಟಿಯ ಕಡಿಮೆ ಪವರಿನವು ಮಾತ್ರ. ಆನ್‌ಲೈನಲ್ಲಿ ಅಗ್ಗಕ್ಕೆ ಸಿಗುತ್ತೆ ಅಂತ ಯಾವುದ್ಯಾವುದೋ ತರಿಸಬೇಡಿ. ಬ್ಲೂಟೂತ್ ಇಂಟರ್‌ಕಾಮ್ ಕೂಡ ರೇಡಿಯೋನೇ, ಅದು ಓಡೋದು 2.4 ಗಿಗಾಹರ್ಟ್ಸ್‌ನಲ್ಲಿ. ಅದಕ್ಕೆ ನೀವು ಲೈಸೆನ್ಸ್ ಮಾಡಿಸಬೇಕಿಲ್ಲ, ಮತ್ತೆ ಇಬ್ಬರೂ ಒಟ್ಟಿಗೆ ಜಗಳ ಆಡಬಹುದು.

[ಕೆನ್ನೆಯ ಪ್ಯಾಡ್ ಬಿಚ್ಚುವ ದೃಶ್ಯ. ಟಿಚ್ ಬಟನ್ ಸದ್ದು ಕೇಳಿಸಲಿ.]

ಸರಿ, ಕೆಲಸ ಶುರು ಮಾಡೋಣ. ಮೊದಲು ಎರಡೂ ಕೆನ್ನೆಯ ಪ್ಯಾಡ್ ತೆಗೀಬೇಕು. ಪ್ಯಾಡಿನ ತುದಿ ಹಿಡಿದು ಎಳೀಬೇಡಿ. ಟಿಚ್ ಬಟನ್ ಎಲ್ಲಿದೆ ನೋಡಿ, ಅದರ ಬುಡಕ್ಕೇ ಬೆರಳು ಹಾಕಿ ಎಬ್ಬಿಸಿ. ಇಲ್ಲದಿದ್ರೆ ಬಟನ್ ಆ ಕಡೆ ಉಳಿದು ಬಟ್ಟೆ ಮಾತ್ರ ಕೈಗೆ ಬರುತ್ತೆ.

ಪ್ಯಾಡ್ ತೆಗೆದ ಮೇಲೆ ಕಾಣೋ ಈ ಬಿಳಿ, ಕೆಲವದರಲ್ಲಿ ಕಪ್ಪು, ಥರ್ಮಾಕೋಲ್ ನೋಡಿ. ಇದೇ ಇಪಿಎಸ್. ಬಿದ್ದಾಗ ತಾನು ಪುಡಿಯಾಗಿ ನಿಮ್ಮ ತಲೆಗೆ ಬರೋ ಪೆಟ್ಟು ಕಡಿಮೆ ಮಾಡೋದು ಇದರ ಕೆಲಸ. ಸ್ಪೀಕರ್ ಕೂರ್ತಿಲ್ಲ ಅಂತ ಇದನ್ನ ಬ್ಲೇಡಲ್ಲಿ ಕೆರೆದು ಗುಳಿ ಮಾಡಿಕೊಡೋ ಅಂಗಡಿಯೋರು ಇದಾರೆ. ಒಪ್ಪಬೇಡಿ. ಐಎಸ್‌ಐ ಗುರುತು ಸಿಕ್ಕಿರೋದು ಕೆರೆಯದೇ ಇರೋ ಹೆಲ್ಮೆಟ್ಟಿಗೆ. ಸ್ಪೀಕರ್ ಹಿಡಿಸೋ ಗುಳಿ ನಿಮ್ಮ ಹೆಲ್ಮೆಟ್ಟಲ್ಲಿ ಇಲ್ಲ ಅಂದ್ರೆ ತೆಳು ಸ್ಪೀಕರ್ ಹುಡುಕಿ. ಅದೂ ಕೂರಲಿಲ್ಲ ಅಂದ್ರೆ ಆ ಹೆಲ್ಮೆಟ್ಟಿಗೆ ಇಂಟರ್‌ಕಾಮ್ ಬೇಡ. ಈ ವಿಷಯದಲ್ಲಿ ನನ್ನ ಹತ್ರ ರಾಜಿ ಇಲ್ಲ.

[ಹೆಲ್ಮೆಟ್ಟಿನ ಎಡಭಾಗ. ಶೆಲ್ಲಿನ ಅಂಚು ಹತ್ತಿರದಿಂದ.]

ಮೇನ್ ಯೂನಿಟ್ ಎಡಗಡೆ. ಬಲಗೈ ಆಕ್ಸಿಲರೇಟರ್ ಬಿಡೋ ಹಾಗಿಲ್ಲ, ಅದಕ್ಕೆ ಬಟನ್‌ಗಳೆಲ್ಲ ಎಡಗೈಗೆ ಎಟುಕಬೇಕು. ಕ್ಲಾಂಪ್ ಹಾಕೋದಾದ್ರೆ ಅದರ ಹಿಂದಿನ ಪಟ್ಟಿ ಹೊರಗಿನ ಗಟ್ಟಿ ಶೆಲ್ಲಿಗೂ ಥರ್ಮಾಕೋಲಿಗೂ ನಡುವೆ ಇರೋ ಸಂದಿಯಲ್ಲಿ ಇಳೀಬೇಕು. ಬೆರಳಲ್ಲಿ ಮೆತ್ತಗೆ ಒತ್ತಿದ್ರೆ ಸಂದಿ ಬಿಡ್ತಾ? ಹಾಕಿ, ಸ್ಕ್ರೂ ಬಿಗಿ ಮಾಡಿ. ಬಿಡ್ಲಿಲ್ವಾ? ಸ್ಕ್ರೂಡ್ರೈವರ್ ತೂರಿಸಿ ಮೀಟೋಕೆ ಹೋಗಬೇಡಿ, ಅಂಟಿಸೋ ಪ್ಲೇಟ್ ಇದೆಯಲ್ಲ.

ನನ್ನ ಮಟ್ಟಿಗೆ ಅಂಟಿಸೋದೇ ವಾಸಿ. ಬಿದ್ದಾಗ ಹೊರಗಿರೋ ಯೂನಿಟ್ ರಸ್ತೆಗೆ ಸಿಕ್ಕಿಕೊಂಡು ಕತ್ತು ತಿರುಚೋದಕ್ಕಿಂತ ಕಿತ್ತು ಹೋಗಲಿ ಅನ್ನೋ ಪಕ್ಷ ನಂದು. ಯುರೋಪಿನ ಹೆಲ್ಮೆಟ್ ಸುರಕ್ಷತೆಯ ಇಸಿಇ 22.06 ನಿಯಮದಲ್ಲಿ ಹೆಲ್ಮೆಟ್ ಜೊತೆ ಬರೋ ಆಕ್ಸೆಸರಿಗಳನ್ನ ಹಾಕಿಯೂ ಪರೀಕ್ಷೆ ಮಾಡ್ತಾರೆ. ಹೊರಗೆ ಅಂಟಿಸೋ ವಸ್ತು ಅಷ್ಟು ಹಗುರದ ವಿಷಯ ಅಲ್ಲ ಅಂತ ಅದರಲ್ಲೇ ಗೊತ್ತಾಗುತ್ತೆ.

ಅಂಟಿಸೋ ಜಾಗ ಮೊದಲು ಒರೆಸಬೇಕು. ಮೆಡಿಕಲ್ ಶಾಪಲ್ಲಿ ಸಿಗೋ ಸ್ಪಿರಿಟ್ಟನ್ನ ಹತ್ತಿಗೆ ಸ್ವಲ್ಪ ಹಾಕಿಕೊಂಡ್ರೆ ಸಾಕು. ಪೆಟ್ರೋಲು, ಥಿನ್ನರ್ ಬೇಡ, ಪ್ಲಾಸ್ಟಿಕ್ ಶೆಲ್ಲನ್ನ ಅವು ತಿಂದುಹಾಕ್ತವೆ. ಒಣಗಿದ ಮೇಲೆ ಪ್ಲೇಟ್ ಇಟ್ಟು ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿ ಹಿಡೀರಿ. ಆಮೇಲೆ? ಬಿಟ್ಟುಬಿಡಿ. ಈ ಥರದ ಫೋಮ್ ಟೇಪಿಗೆ ಪೂರ್ತಿ ಹಿಡಿತ ಬರೋಕೆ ಮೂರು ದಿನ ಅಂದ್ರೆ 72 ಗಂಟೆ ಬೇಕು, ಒಂದು ದಿನಕ್ಕೆ ಬಹುಪಾಲು ಹಿಡಿಯುತ್ತೆ. ಶುಕ್ರವಾರ ರಾತ್ರಿ ಅಂಟಿಸಿ ಶನಿವಾರ ಬೆಳಗ್ಗೆ ನಾಲ್ಕಕ್ಕೆ ಸಕಲೇಶಪುರಕ್ಕೆ ಹೊರಟ್ರೆ ಯೂನಿಟ್ ನೆಲಮಂಗಲದ ಹತ್ರ ಎಲ್ಲೋ ಉಳ್ಕೊಳ್ಳುತ್ತೆ. ಮ್ಯಾಟ್ ಫಿನಿಶ್ ಹೆಲ್ಮೆಟ್ ಆದ್ರೆ ಇನ್ನೂ ಹುಷಾರು, ಅದರ ಮೇಲೆ ಅಂಟು ಅಷ್ಟು ಚೆನ್ನಾಗಿ ಹಿಡಿಯಲ್ಲ.

[ಪ್ಯಾಡ್ ಇಲ್ಲದ ಹೆಲ್ಮೆಟ್ ತಲೆಗೆ. ಬೆರಳು ಒಳಗೆ ಹಾಕಿ ಕಿವಿ ಮುಟ್ಟುವುದು.]

ಈಗ ಸ್ಪೀಕರ್. ಇಲ್ಲಿ ಅವಸರ ಬೇಡ, ಇವತ್ತಿನ ವಿಡಿಯೋದ ಜೀವ ಇದೇ.

ಹೆಲ್ಮೆಟ್ಟಲ್ಲಿ ಕಿವಿಗೆ ಅಂತ ದುಂಡನೆ ಗುಳಿ ಇರುತ್ತಲ್ಲ, ಎಲ್ಲರೂ ಅದರ ಮಧ್ಯಕ್ಕೆ ಸ್ಪೀಕರ್ ಅಂಟಿಸ್ತಾರೆ. ನಿಮ್ಮ ಕಿವಿ ಮುಟ್ಟಿ ನೋಡ್ಕೊಳ್ಳಿ. ಕಿವಿಯ ತೂತು ಕಿವಿಯ ಮಧ್ಯದಲ್ಲಿ ಇಲ್ಲ, ಕೆನ್ನೆ ಕಡೆಗಿದೆ. ಅಂದ್ರೆ ಸ್ಪೀಕರ್ ಗುಳಿಯ ಮಧ್ಯಕ್ಕಿಂತ ಸ್ವಲ್ಪ ಮುಂದೆ ಬರಬೇಕು. ಎಷ್ಟು ಮುಂದೆ ಅನ್ನೋದು ಒಬ್ಬೊಬ್ಬರ ತಲೆಗೆ ಒಂದೊಂದು ಥರ. ಅದಕ್ಕೆ ಪ್ಯಾಡ್ ಇಲ್ಲದ ಹೆಲ್ಮೆಟ್ ಹಾಕ್ಕೊಂಡು, ಕೆಳಗಿನಿಂದ ಬೆರಳು ತೂರಿಸಿ, ಕಿವಿ ತೂತಿನ ಎದುರಿಗೆ ಒಂದು ಚೂರು ಪೇಪರ್ ಟೇಪ್ ಅಂಟಿಸಿ. ಹೆಲ್ಮೆಟ್ ತೆಗೀರಿ. ಟೇಪ್ ಎಲ್ಲಿದೆಯೋ ಅಲ್ಲಿ ಸ್ಪೀಕರಿನ ನಡುಮಧ್ಯ.

[ಕ್ಲೋಸ್‌ಅಪ್: ಗುಳಿಯ ಮುಂದಿನ ಅಂಚಿಗೆ ಬಂದಿರುವ ಹಳದಿ ಟೇಪಿನ ಚೂರು]

ನನ್ನ ಹೆಲ್ಮೆಟ್ಟಲ್ಲಿ ನೋಡಿ, ಟೇಪ್ ಗುಳಿಯ ಮುಂದಿನ ಅಂಚಿಗೇ ಬಂದಿದೆ.

ಇನ್ನೊಂದು ಅಳತೆ ಆಳದ್ದು. ಸ್ಪೀಕರಿಗೂ ಕಿವಿಗೂ ಒಂದು ಸೆಂಟಿಮೀಟರ್ ಅಂತರ ಬಿದ್ರೂ ಬೇಸ್ ಮಾಯ, ತಗಡಿನ ಸದ್ದು ಉಳಿಯುತ್ತೆ. ಬಾಕ್ಸಲ್ಲಿ ಫೋಮ್ ಬಿಲ್ಲೆ ಬಂದಿದ್ರೆ ಸ್ಪೀಕರಿನ ಹಿಂದಿಟ್ಟು ಮುಂದಕ್ಕೆ ತನ್ನಿ. ಕಿವಿಗೆ ತಾಗಿಯೂ ತಾಗದ ಹಾಗೆ ಇರಬೇಕು. ಒತ್ತಿದ್ರೆ ಮೊದಲು ಗೊತ್ತಾಗಲ್ಲ, ಅರ್ಧ ಗಂಟೆ ಆದ್ಮೇಲೆ ಕಿವಿ ಉರಿಯೋಕೆ ಶುರುವಾಗುತ್ತೆ. ಹಾಗಾಗಿ ಪ್ಯಾಡ್ ಎಲ್ಲ ವಾಪಸ್ ಹಾಕಿ, ಹೆಲ್ಮೆಟ್ ತೊಟ್ಟು ಮನೇಲಿ ಒಂದು ಕ್ರಿಕೆಟ್ ಮ್ಯಾಚ್ ನೋಡಿ. ಮನೆಯೋರು ನಗ್ತಾರೆ, ನಗಲಿ.

ವೈರ್ ವಿಷಯ ಬೇಗ ಮುಗಿಸ್ತೀನಿ. ಉದ್ದದ ವೈರ್ ಬಲಗಡೆ ಸ್ಪೀಕರಿಗೆ. ಅದು ಕತ್ತಿನ ಹಿಂಭಾಗದಲ್ಲಿ ಲೈನರ್ ಅಂದ್ರೆ ಒಳಗಿನ ಬಟ್ಟೆ ಮೆತ್ತೆಯ ಒಳಗಿಂದ ಸುತ್ತಿ ಹೋಗಬೇಕು. ನೆತ್ತಿ ಮೇಲಿಂದ ದಾಟಿಸಬೇಡಿ, ತಲೆಗೆ ಒತ್ತುತ್ತೆ. ಟಿಚ್ ಬಟನ್ ಅಡಿ ವೈರ್ ಸಿಕ್ಕಿದೆಯಾ ನೋಡಿ ಆಮೇಲೆ ಒತ್ತಿ. ಕೆಲವು ಹೆಲ್ಮೆಟ್ಟಲ್ಲಿ ಕೆನ್ನೆ ಪ್ಯಾಡಿನ ಕೆಳಗೆ ಕೆಂಪು ಪಟ್ಟಿ ಇರುತ್ತೆ. ಅಪಘಾತ ಆದಾಗ ಬೇರೆಯೋರು ಅದನ್ನ ಎಳೆದು ಪ್ಯಾಡ್ ಕಿತ್ತು ಹೆಲ್ಮೆಟ್ ತೆಗೀತಾರೆ. ಆ ಪಟ್ಟಿಗೆ ವೈರ್ ಸುತ್ತಿಕೊಂಡಿರಬಾರದು.

[ಮೈಕ್ ಎರಡೂ ಕೈಯಲ್ಲಿ]

ಫುಲ್‌ಫೇಸಿಗೆ ಗುಂಡಿ ಮೈಕ್. ಗದ್ದದ ಭಾಗದ ಒಳಗೆ, ಬಾಯಿಗೆ ನೇರ ಎದುರಿಗೆ ವೆಲ್ಕ್ರೋದಲ್ಲಿ ಅಂಟಿಸಿ. ಮುಂದಿನ ಗಾಳಿ ಕಿಂಡಿಯ ಬಾಯಿಗೆ ಮಾತ್ರ ಇಡಬೇಡಿ, ನಿಮ್ಮ ಗೆಳೆಯನಿಗೆ ಬರೀ ಬಿರುಗಾಳಿ ಕೇಳುತ್ತೆ. ಮುಂದಿನ ಭಾಗ ಮೇಲಕ್ಕೆ ಎತ್ತೋ ಹೆಲ್ಮೆಟ್ ಅಥವಾ ಓಪನ್ ಫೇಸ್ ಆದ್ರೆ ಬೂಮ್ ಮೈಕ್, ತುಟಿಯ ಅಂಚಿಗೆ. ಅದರ ತುದೀಲಿ ಒಂದು ಬಾಣ ಅಥವಾ ಚುಕ್ಕಿ ಇರುತ್ತೆ, ಅದು ಬಾಯಿ ಕಡೆ ತಿರುಗಿರಬೇಕು. ಉಲ್ಟಾ ಹಾಕಿದ್ರೆ ಅದು ಗಾಳಿಯನ್ನ ಮಾತು ಅಂದುಕೊಂಡು, ಮಾತನ್ನ ಗದ್ದಲ ಅಂದುಕೊಂಡು ಕತ್ತರಿಸುತ್ತೆ.

[ಫೋನ್ ಸ್ಕ್ರೀನ್]

ಇನ್ನು ಪೇರಿಂಗ್, ಅಂದ್ರೆ ಯೂನಿಟ್ಟನ್ನ ಜೋಡಿಸೋದು. ಮೊದಲು ಫೋನಿಗೆ, ಆಮೇಲೆ ಗೆಳೆಯನ ಇಂಟರ್‌ಕಾಮಿಗೆ. ಬಟನ್ ಒತ್ತಿ ಹಿಡಿದಾಗ ಲೈಟ್ ಮಿನುಗೋಕೆ ಶುರುವಾದ್ರೆ ಅದು ಹುಡುಕ್ತಿದೆ ಅಂತ ಅರ್ಥ. ಇಬ್ಬರದ್ದೂ ಒಂದೇ ಕಂಪನಿ ಆದ್ರೆ ತಾಪತ್ರಯ ಇಲ್ಲ. ಬೇರೆ ಬೇರೆ ಆದ್ರೆ ಒಂದು ಕಂಪನಿಯ ಮೆಶ್ (ಎಲ್ಲ ಯೂನಿಟ್ಟೂ ಬಲೆ ಥರ ಒಂದಕ್ಕೊಂದು ಸೇರೋ ವ್ಯವಸ್ಥೆ) ಸಾಮಾನ್ಯವಾಗಿ ಇನ್ನೊಂದರ ಮೆಶ್ ಜೊತೆ ಮಾತಾಡಲ್ಲ, ಹಳೇ ಬ್ಲೂಟೂತ್ ದಾರೀಲೇ ಸೇರಿಸಬೇಕು. ಆಗ ನಿಮ್ಮ ಯೂನಿಟ್ಟು ಗೆಳೆಯನ ಯೂನಿಟ್ಟನ್ನ ಫೋನ್ ಅಂತ ತಿಳ್ಕೊಳ್ಳುತ್ತೆ, ಹಾಗಾಗಿ ಕೆಲವದರಲ್ಲಿ ಎರಡನೇ ಫೋನಿಗೆ ಜಾಗ ಇರಲ್ಲ. ಗುಂಪಾಗಿ ಹೋಗೋರಿಗೆ ಮೆಶ್‌ನ ಲಾಭ ನಿಜವಾಗ್ಲೂ ಇದೆ. ಬ್ಲೂಟೂತ್‌ನಲ್ಲಿ ಸಾಲಾಗಿ ಜೋಡಿಸಿದಾಗ ನಡುವಿನವನು ಟೀ ಕುಡಿಯೋಕೆ ನಿಂತ್ರೆ ಹಿಂದಿನವರೂ ಮುಂದಿನವರೂ ಬೇರೆ. ಮೆಶ್ ಆದ್ರೆ ಉಳಿದವರು ತಮ್ಮತಮ್ಮಲ್ಲೇ ದಾರಿ ಹುಡುಕ್ಕೊಳ್ತಾರೆ.

[ಕನಕಪುರ ರಸ್ತೆ. ಎರಡು ಬೈಕ್. ಇಂಟರ್‌ಕಾಮಿನ ಧ್ವನಿಯೇ ಇರಲಿ, ಮೇಲೆ ಸಂಗೀತ ಬೇಡ.]

"ಮಗಾ, ಕೇಳಿಸ್ತಿದ್ಯಾ?"

"ಕೇಳಿಸ್ತಿದೆ ಹೇಳೋ. ಎಷ್ಟರಲ್ಲಿದೀಯ?"

"ಎಪ್ಪತ್ತು. ಈಗ ಮೈಕ್ ಸ್ಪಾಂಜ್ ತೆಗ್ದಿರೋ ಹೆಲ್ಮೆಟ್ ಹಾಕ್ಕೊಂಡಿದೀನಿ, ನೋಡು."

"ಏನೋ ಅದು, ಮಿಕ್ಸಿ ಒಳಗಿಂದ ಮಾತಾಡ್ತಿದೀಯಾ?"

[ಕಟ್. ಸ್ಪಾಂಜ್ ಹಾಕಿದ ಮೇಲೆ, ಅದೇ ವೇಗ.]

"ಈಗ?"

"ಹಾಂ, ಈಗ ಸರಿ. ಮುಂದೆ ಹಂಪ್ ಇದೆ, ನೋಡ್ಕೊ."

[ಮತ್ತೆ ಟೇಬಲ್]

ಕೇಳಿದ್ರಲ್ಲ. ಇನ್ನು ಬಾಕ್ಸ್ ಮೇಲೆ ಬರೆದಿರೋ ಒಂದು ಕಿಲೋಮೀಟರ್, ಒಂದೂವರೆ ಕಿಲೋಮೀಟರ್ ಲೆಕ್ಕ. ಅದು ನೇರ ರಸ್ತೆ, ನಡುವೆ ಏನೂ ಅಡ್ಡ ಇಲ್ಲದಾಗಿನ ಮಾತು. 2.4 ಗಿಗಾಹರ್ಟ್ಸ್ ಅಲೆಗೆ ಮಣ್ಣು, ಬಂಡೆ, ಒದ್ದೆ ಮರ, ಲಾರಿ, ನಿಮ್ಮದೇ ಮೈ, ಎಲ್ಲವೂ ಅಡ್ಡವೇ. ಆಗುಂಬೆಯ 14 ತಿರುವುಗಳಲ್ಲಿ ಗೆಳೆಯ ಒಂದು ತಿರುವು ಕೆಳಗಿದ್ರೂ ನಡುವೆ ಗುಡ್ಡ ಇರುತ್ತೆ, ಮಾತು ಕಡಿದು ಹೋಗುತ್ತೆ. ಚಾರ್ಮಾಡಿಯಲ್ಲೂ ಅದೇ ಕಥೆ. ಘಾಟಿಯ ಮೇಲಿರೋ ಕೊಟ್ಟಿಗೆಹಾರ ಬಿಡೋ ಮುಂಚೆಯೇ ಎಲ್ಲಿ ನಿಲ್ಲಬೇಕು ಅಂತ ಮಾತಾಡ್ಕೊಳ್ಳಿ. "ಇಂಟರ್‌ಕಾಮ್ ಇದೆಯಲ್ಲ" ಅಂತ ನೆಚ್ಚಿಕೊಂಡು ಘಾಟಿ ಇಳೀಬೇಡಿ. ಮಳೆಗೆ ಹೋಗೋರು ಐಪಿ67, ಅಂದ್ರೆ ಧೂಳು ನೀರು ತಡೆಯೋ ರೇಟಿಂಗ್, ಇದೆಯಾ ನೋಡಿ, ಮತ್ತೆ ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸರಿಯಾಗಿ ಒತ್ತಿ. ಮುಚ್ಚಳ ತೆರೆದಿದ್ರೆ ಐಪಿ ಎಷ್ಟಿದ್ದು ಏನು ಪ್ರಯೋಜನ.

ಪೊಲೀಸರು ಹಿಡೀತಾರಾ ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್‌ಗೆ 2019ರ ತಿದ್ದುಪಡಿಯಲ್ಲಿ ಸೇರಿದ್ದು ಕೈಯಲ್ಲಿ ಹಿಡಿಯೋ ಸಂವಹನ ಸಾಧನದ ಮಾತು. ಇಂಟರ್‌ಕಾಮ್ ಕೈಯಲ್ಲಿ ಹಿಡಿಯೋದಲ್ಲ ನಿಜ. ಆದ್ರೂ ಸಿಗ್ನಲ್ಲಲ್ಲಿ ನಿಲ್ಲಿಸಿ ಕೇಳಿದ್ರೆ ಸೆಕ್ಷನ್ ನಂಬರ್ ಹೇಳಿ ವಾದಕ್ಕೆ ಇಳೀಬೇಡಿ, ಹೆಲ್ಮೆಟ್ ತೆಗೆದು ತೋರಿಸಿ, ಮಾತಾಡಿ. ಊರೊಳಗೆ ನಾನಂತೂ ಹಾಡು ಹಾಕಲ್ಲ, ಮ್ಯಾಪಿನ ದನಿ ಒಂದೇ. ಹಿಂದಿನ ಬಸ್ಸಿನ ಹಾರ್ನೂ ಆಂಬ್ಯುಲೆನ್ಸಿನ ಸೈರನ್ನೂ ಕೇಳಬೇಕಲ್ಲ. ಹೈವೇಲಿ ನೂರರ ವೇಗಕ್ಕೆ ಹೆಲ್ಮೆಟ್ ಒಳಗೆ ಗಾಳಿ ಸದ್ದೇ 90 ಡೆಸಿಬಲ್ ದಾಟುತ್ತೆ. ಅದರ ಮೇಲೆ ವಾಲ್ಯೂಮ್ ಏರಿಸ್ತಾ ಹೋಗೋದಕ್ಕಿಂತ ವೈಸರ್ ಪೂರ್ತಿ ಮುಚ್ಚಿ, ಗದ್ದದ ಕೆಳಗಿನ ಬಟ್ಟೆ ಪರದೆ ಹಾಕಿ, ಎಂಬತ್ತಕ್ಕೆ ಇಳಿಸಿ. ಕಿವಿಗೂ ಒಳ್ಳೇದು, ಮೈಲೇಜಿಗೂ ಒಳ್ಳೇದು.

ಲೈನರ್ ತೊಳೆಯೋ ದಿನ ಸ್ಪೀಕರ್ ತೆಗೀಬೇಕಾಗುತ್ತೆ. ತೆಗೆಯೋ ಮುಂಚೆ ಫೋನಲ್ಲಿ ಒಂದು ಫೋಟೋ ಹೊಡ್ಕೊಳ್ಳಿ, ಇಲ್ಲ ಸ್ಪೀಕರಿನ ಸುತ್ತ ಪೆನ್ಸಿಲಲ್ಲಿ ಗೆರೆ ಎಳೀರಿ. ಹಿಂದಿನ ವೆಲ್ಕ್ರೋವನ್ನ ಥರ್ಮಾಕೋಲಿಂದ ಕೀಳಬೇಡಿ, ಕಾಳುಕಾಳಾಗಿ ಅದರ ಜೊತೆಗೇ ಬರುತ್ತೆ. ಸ್ಪೀಕರ್ ಮಾತ್ರ ಬಿಡಿಸಿ, ವೆಲ್ಕ್ರೋ ಅಲ್ಲೇ ಇರಲಿ.

ನಿಮ್ಮ ಹೆಲ್ಮೆಟ್ ಮಾಡೆಲ್ ಹೆಸರು, ಸ್ಪೀಕರ್ ಎಲ್ಲಿ ಕೂರ್ತಿಲ್ಲ ಅನ್ನೋದನ್ನ ಕಾಮೆಂಟಲ್ಲಿ ಬರೀರಿ. ಸಾಧ್ಯ ಆದ್ರೆ ಆ ಹೆಲ್ಮೆಟ್ ಹುಡುಕಿ ತಂದು ಇದೇ ಟೇಬಲ್ ಮೇಲೆ ಬಿಚ್ಚೋಣ.