ಹಳೆಯ ಕಾರಿನ ತಗಡು ಮತ್ತು ಬಣ್ಣ

ಕೇಳುಗರೇ, ನಮಸ್ಕಾರ.

ಕಲಬುರಗಿಯ ಹಳೆಯ ಬಡಾವಣೆಗಳಲ್ಲಾಗಲಿ, ಸೇಡಂ, ಚಿಂಚೋಳಿ, ಹುಮನಾಬಾದ್, ಸುರಪುರದಂತಹ ಊರುಗಳಲ್ಲಾಗಲಿ ಬೆಳಗಿನ ಹೊತ್ತು ಒಂದು ಸುತ್ತು ಹಾಕಿದರೆ ಮಾರುತಿ 800 ಕಾರುಗಳು ಈಗಲೂ ಕಣ್ಣಿಗೆ ಬೀಳುತ್ತವೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಅಂದರೆ ಅವುಗಳಲ್ಲಿ ಎಲ್ಲಕ್ಕಿಂತ ಕಿರಿಯದಕ್ಕೂ ಹತ್ತು ವರ್ಷ ದಾಟಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷಗಳವರೆಗೆ ನಡೆಯುತ್ತದೆ, ಆಮೇಲೆ ಗಾಡಿಯನ್ನು ಆರ್‌ಟಿಒ ಕಚೇರಿಗೆ ಒಯ್ದು ತೋರಿಸಿ 5 ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕಾಗುತ್ತದೆ. ಎಂಜಿನ್ ಇನ್ನೂ ಗಟ್ಟಿಯಾಗಿದ್ದು ಮೈ ಮಾತ್ರ ಸೊರಗಿರುವ ಗಾಡಿಯ ಮಾಲೀಕರಿಗೆ ಡೆಂಟಿಂಗ್ ಮತ್ತು ಪೇಂಟಿಂಗ್ ನೆನಪಾಗುವುದು ಸಾಮಾನ್ಯವಾಗಿ ಇದೇ ಹಂತದಲ್ಲಿ. ಗ್ಯಾರೇಜಿನವರು ಹೇಳುವ ಮೊತ್ತ ಕೇಳಿದ ಮೇಲೆ, ಇದನ್ನು ಮನೆಯಂಗಳದಲ್ಲಿ ನಾವೇ ಏಕೆ ಮಾಡಬಾರದು ಎಂಬ ಯೋಚನೆಯೂ ಬರುತ್ತದೆ. ಮಾಡಬಹುದು. ಆದರೆ ಬೆಸುಗೆಯೊಂದನ್ನು ಬಿಟ್ಟು ತಗಡಿನ ಕೆಲಸ ಮನೆಯದು, ಇಡೀ ಗಾಡಿಯ ಬಣ್ಣದ ಕೊನೆಯ ಪದರ ಮನೆಯದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಕೆಲಸದ ಕ್ರಮದಲ್ಲಿಯೇ ಹೇಳುತ್ತೇನೆ.

ಮೊದಲು ತುಕ್ಕಿನ ವಿಚಾರ. ಕಾರವಾರ, ಮಂಗಳೂರಿನ ಕಡೆ ಸಮುದ್ರದ ಉಪ್ಪು ಗಾಳಿಯೇ ಕಾರಿನ ತಗಡನ್ನು ತಿನ್ನುತ್ತದೆ. ನಮ್ಮ ಕಡೆಯ ಒಣ ಹವೆ ಆ ಮಟ್ಟಿಗೆ ಕಾರಿಗೆ ಉಪಕಾರಿ. ಇಲ್ಲಿ ಬಿಸಿಲು ಬಣ್ಣವನ್ನು ಸುಡುತ್ತದೆಯೇ ಹೊರತು ತಗಡನ್ನು ಮುಟ್ಟುವುದಿಲ್ಲ. ಚಾವಣಿ ಮತ್ತು ಬಾನೆಟ್ಟಿನ ಬಣ್ಣ ಹೊಳಪು ಕಳೆದುಕೊಂಡು, ಒರೆಸಿದರೆ ಬೆರಳಿಗೆ ಪುಡಿ ಹತ್ತುವಂತಾದರೂ ಅದರ ಕೆಳಗಿನ ತಗಡು ಬಹುಮಟ್ಟಿಗೆ ಕ್ಷೇಮವಾಗಿರುತ್ತದೆ. ನಮ್ಮಲ್ಲಿ ತಗಡಿಗೆ ಶತ್ರುವಾಗಿರುವುದು ಎರೆಮಣ್ಣು. ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ಹೋಗಿ ಬಂದ ಗಾಡಿಯ ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡ ಎರೆಮಣ್ಣು ನೀರನ್ನು ಹಿಡಿದಿಟ್ಟುಕೊಂಡು ಉಬ್ಬುತ್ತದೆ. ಮೇಲೆ ಬಿರುಕು ಬಿಟ್ಟು ಒಣಗಿದಂತೆ ಕಂಡರೂ ತಗಡಿಗೆ ಅಂಟಿದ ಒಳಪದರ ದಿನಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಈ ಭಾಗದ ಕಾರನ್ನು ಪರೀಕ್ಷಿಸುವವರು ಮೇಲಿನಿಂದ ನೋಡುವುದನ್ನು ಬಿಟ್ಟು ಕೆಳಗಿನಿಂದ ಆರಂಭಿಸಬೇಕು.

ಚಕ್ರಗಳನ್ನು ಬಿಚ್ಚಿ, ನೀರು ರಭಸವಾಗಿ ಹೊಡೆದು ಮಡ್‌ಗಾರ್ಡಿನ ಅಂಚಿನ ಮಡಿಕೆಗಳನ್ನೆಲ್ಲ ತೊಳೆಯಿರಿ. ಬಾಗಿಲುಗಳ ತಳದಲ್ಲಿ ನೀರು ಹರಿದುಹೋಗಲೆಂದು ಕಂಪನಿಯವರೇ ಬಿಟ್ಟಿರುವ ಸಣ್ಣ ರಂಧ್ರಗಳಿರುತ್ತವೆ. ಅವು ಮಣ್ಣಿನಿಂದ ಮುಚ್ಚಿಹೋಗಿದ್ದರೆ ಗಾಜಿನ ಮೇಲಿಂದ ಇಳಿದ ಮಳೆನೀರು ಬಾಗಿಲಿನೊಳಗೇ ನಿಂತು ತಗಡನ್ನು ಒಳಗಿನಿಂದ ತಿನ್ನುತ್ತದೆ, ಹೊರಗೆ ಬಣ್ಣದ ಮೇಲೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ತೂತು ಬಿದ್ದಿರುತ್ತದೆ. ಬ್ಯಾಟರಿ ಕೂರುವ ತಟ್ಟೆ, ಡಿಕ್ಕಿಯಲ್ಲಿ ಸ್ಟೆಪ್ನಿಯ ಕೆಳಗಿನ ತಗ್ಗು, ಮುಂದಿನ ಗಾಜಿನ ಸುತ್ತ ರಬ್ಬರ್ ಬೀಡಿಂಗಿನ ಅಡಿ, ಕಾಲಿಡುವ ಮ್ಯಾಟಿನ ಕೆಳಗಿನ ನೆಲ, ಇವಿಷ್ಟನ್ನೂ ಬಿಚ್ಚಿ ನೋಡದೆ ಬಣ್ಣದ ಮಾತೆತ್ತಬಾರದು. ಗಾಡಿಯನ್ನು ಬೇರೆಯವರಿಂದ ಕೊಂಡಿದ್ದರೆ ಒಂದು ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಮೈತುಂಬ ಆಡಿಸಿ. ಎಲ್ಲಿ ಅದು ಹಿಡಿಯದೆ ಜಾರುತ್ತದೆಯೋ ಅಲ್ಲಿ ಹಿಂದಿನವರು ದಪ್ಪವಾಗಿ ಪುಟ್ಟಿ ಮೆತ್ತಿದ್ದಾರೆ ಎಂದು ತಿಳಿಯಬೇಕು.

ಮೇಲ್ಮೈಯ ತುಕ್ಕನ್ನು ತಂತಿಯ ಬ್ರಷ್ಷಿನಿಂದ, 80ನೇ ನಂಬರಿನ ಪಾಲಿಶ್ ಪೇಪರಿನಿಂದ ಹೊಳೆಯುವ ತಗಡು ಕಾಣುವವರೆಗೆ ಉಜ್ಜಿ ತೆಗೆಯಬಹುದು. ಸಣ್ಣ ಗುಳಿಗಳಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲ ಬೆರೆತ ತುಕ್ಕುನಿವಾರಕ ಸಿಗುತ್ತದೆ. ತೂತು ಬಿದ್ದಿದ್ದರೆ ಮಾತ್ರ ಕೊಳೆತ ತಗಡನ್ನು ಕತ್ತರಿಸಿ ತೆಗೆದು ಹೊಸ ತುಂಡು ಬೆಸೆಯುವುದೊಂದೇ ದಾರಿ. ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಜೀಪಿನಂತೆ ಬೇರೆ ಚಾಸಿಯ ಮೇಲೆ ಮೈ ಕೂರಿಸಿದ ಗಾಡಿಯಲ್ಲ ಈ 800. ಅದರ ನೆಲ, ಬಾಗಿಲಿನ ಕೆಳಗೆ ಉದ್ದಕ್ಕೂ ಓಡುವ ಪಟ್ಟಿ, ಕಂಬಗಳು ಮತ್ತು ಚಾವಣಿ ಎಲ್ಲವೂ ಸೇರಿಯೇ ಭಾರ ಹೊರುತ್ತವೆ. ಬಾಗಿಲಿನ ಕೆಳಗಿನ ಆ ಪಟ್ಟಿ ಕೊಳೆತಿರುವಾಗ ತೂತಿಗೆ ಜಾಳಿಗೆ ಇಟ್ಟು, ಪುಟ್ಟಿ ಮೆತ್ತಿ, ಬಣ್ಣ ಬಳಿದು ಕೊಡುವವರು ಎಲ್ಲ ಊರಿನಲ್ಲಿಯೂ ಇದ್ದಾರೆ. ಕಣ್ಣಿಗೆ ಅದು ಚೆನ್ನಾಗಿಯೇ ಕಾಣುತ್ತದೆ, ಆದರೆ ಅಪಘಾತದಲ್ಲಿ ಒಳಗೆ ಕುಳಿತವರನ್ನು ಕಾಯಬೇಕಾದ ಭಾಗ ಅದು. ಈ ಕೆಲಸವನ್ನು ವಿದ್ಯುತ್ತಿನಿಂದ ತಂತಿ ಕರಗಿಸಿ ಬೆಸೆಯುವ ಮಿಗ್ ವೆಲ್ಡಿಂಗ್ ಇರುವ ಅಂಗಡಿಗೇ ಒಪ್ಪಿಸಬೇಕು; ಗ್ಯಾಸ್ ವೆಲ್ಡಿಂಗಿನ ಹರಡುವ ಶಾಖಕ್ಕೆ ತೆಳು ತಗಡು ಸೊಟ್ಟಗಾಗುತ್ತದೆ. ಬೆಸುಗೆಗೆ ಮುನ್ನ ಬ್ಯಾಟರಿಯ ತಂತಿ ಬಿಚ್ಚಿಸುವುದನ್ನೂ, ಒಳಗಿನ ಕಾರ್ಪೆಟ್ ತೆಗೆಸುವುದನ್ನೂ, ಪೆಟ್ರೋಲ್ ಟ್ಯಾಂಕಿನ ಹತ್ತಿರದ ಕೆಲಸವಾದರೆ ಟ್ಯಾಂಕನ್ನೇ ಇಳಿಸುವುದನ್ನೂ ನಿಂತು ನೋಡಿಕೊಳ್ಳಿ.

ಇನ್ನು ತಗ್ಗುಗಳು. ಡೆಂಟಿಂಗ್ ಕೆಲಸಕ್ಕೆ ಚಪ್ಪಟೆ ಮುಖದ ಸುತ್ತಿಗೆ ಮತ್ತು ಡಾಲಿ ಎಂಬ ಉಕ್ಕಿನ ಗಟ್ಟಿ ಇದ್ದರೆ ಆರಂಭಿಸಬಹುದು. ಹೊಸಬರು ತಗ್ಗಿನ ನಟ್ಟನಡುವೆ ಒಳಗಿನಿಂದ ಬಲವಾಗಿ ಹೊಡೆಯುತ್ತಾರೆ. ಅದರಿಂದ ತಗಡು ಹಿಗ್ಗಿ, ಒತ್ತಿದರೆ ಒಳಗೆ ಹೋಗಿ ಬಿಟ್ಟರೆ ಹೊರಗೆ ಬರುವಂತೆ ಸಡಿಲವಾಗುತ್ತದೆ, ಆಮೇಲೆ ಅದನ್ನು ಬಿಗಿಗೊಳಿಸಲು ಕಾಯಿಸಿ ತಣಿಸುವ ನುರಿತ ಕೈಯೇ ಬೇಕು. ಪೆಟ್ಟು ಬಿದ್ದಾಗ ತಗಡು ಯಾವ ಕ್ರಮದಲ್ಲಿ ಮಡಚಿಕೊಂಡಿತೋ ಅದರ ಹಿಮ್ಮುಖ ಕ್ರಮದಲ್ಲಿ ಬಿಡಿಸಬೇಕು, ಅಂದರೆ ಅಂಚಿನ ಉಬ್ಬಿನಿಂದ ಶುರುಮಾಡಿ ನಡುವಿಗೆ ಬರಬೇಕು. ತಗ್ಗಿನ ಒಳಗೆ ಡಾಲಿಯನ್ನು ಒತ್ತಿ ಹಿಡಿದು, ಹೊರಗೆ ಅದರ ಪಕ್ಕದ ಉಬ್ಬಿನ ಮೇಲೆ ಹಗುರವಾಗಿ ಹಲವು ಸಲ ಬಡಿಯುವುದು ಸರಿಯಾದ ರೀತಿ. ಸಮವಾಯಿತೇ ಎಂದು ನೋಡಲು ಕಣ್ಣನ್ನು ನಂಬಬೇಡಿ. ಅಂಗೈ ಕೆಳಗೆ ತೆಳು ಬಟ್ಟೆ ಇಟ್ಟು ಉದ್ದಕ್ಕೆ ಸವರಿದರೆ ಕಾಣದ ಏರಿಳಿತ ಕೈಗೆ ಸಿಗುತ್ತದೆ.

ತಗಡು ಎಷ್ಟು ಸಮವಾದರೂ ಕೊಂಚ ಪುಟ್ಟಿ ಬೇಕೇ ಬೇಕು. ಹಾರ್ಡ್ನರ್ ಎಂಬ ಗಟ್ಟಿಗೊಳಿಸುವ ವಸ್ತು ಬೆರೆಸುವ ಪಾಲಿಯೆಸ್ಟರ್ ಪುಟ್ಟಿಯೇ ಸರಿ, ಅದರ ದಪ್ಪ 3 ಮಿಲಿಮೀಟರ್ ಮೀರದಿರಲಿ. ಹಾರ್ಡ್ನರ್ ಪ್ರಮಾಣ ಸಾಮಾನ್ಯವಾಗಿ ತೂಕದ ಶೇಕಡಾ 2ರಷ್ಟು. 25 ಡಿಗ್ರಿ ಉಷ್ಣತೆಯಲ್ಲಿ ಕೆಲವು ನಿಮಿಷ ಕೈಗೆ ಒಗ್ಗುವ ಈ ಪುಟ್ಟಿ ನಮ್ಮ ಏಪ್ರಿಲ್, ಮೇ ತಿಂಗಳ 42 ಡಿಗ್ರಿಯಲ್ಲಿ ತಟ್ಟೆಯ ಮೇಲೆಯೇ ಬಿಗಿಯುತ್ತದೆ. ಬೇಗ ಗಟ್ಟಿಯಾಗಲೆಂದು ಹಾರ್ಡ್ನರ್ ಹೆಚ್ಚು ಹಾಕುವ ಅಭ್ಯಾಸವೂ ಕೆಟ್ಟದ್ದು, ಏಕೆಂದರೆ ಮಿಕ್ಕಿದ ಹಾರ್ಡ್ನರ್ ಮುಂದೆ ಬಣ್ಣದ ಮೂಲಕ ಕಲೆಯಾಗಿ ಮೇಲೆ ಬರುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿಕೊಂಡು ತೆಳುವಾಗಿ ಹಚ್ಚಿ, ಗಟ್ಟಿಯಾದ ಮೇಲೆ 80, 180, 240 ಹೀಗೆ ನಂಬರು ಏರಿಸುತ್ತ, ಪೇಪರನ್ನು ಮರದ ಚಪ್ಪಟೆ ತುಂಡಿಗೆ ಸುತ್ತಿ ಉಜ್ಜಬೇಕು. ಬರಿ ಬೆರಳಿನಿಂದ ಉಜ್ಜಿದರೆ ಬೆರಳಿನ ಗುರುತೇ ಮೂಡುತ್ತದೆ.

ಪುಟ್ಟಿಯನ್ನು ನೀರು ಹಾಕದೆ ಒಣದಾಗಿಯೇ ಉಜ್ಜಬೇಕು, ಅದಕ್ಕೆ ನಮ್ಮ ಕಡೆ ವಿಶೇಷ ಕಾರಣವೊಂದಿದೆ. ಪಾಲಿಯೆಸ್ಟರ್ ಪುಟ್ಟಿ ನೀರು ಹೀರುತ್ತದೆ, ನಮ್ಮ ಬೋರ್‌ವೆಲ್ ನೀರಿನಲ್ಲಿ ಲವಣಾಂಶ ಹೆಚ್ಚು. ಆ ನೀರು ಆರಿದ ಮೇಲೆ ತಗಡಿನ ಮೇಲೂ ಪುಟ್ಟಿಯ ಒಳಗೂ ಉಪ್ಪು ಉಳಿಯುತ್ತದೆ, ಮಳೆಗಾಲದಲ್ಲಿ ಆ ಉಪ್ಪು ಬಣ್ಣದ ಪದರದ ಮೂಲಕ ತೇವವನ್ನು ಎಳೆದುಕೊಂಡು ಸಣ್ಣ ಗುಳ್ಳೆಗಳನ್ನು ಎಬ್ಬಿಸುತ್ತದೆ. ಬಣ್ಣದ ಕಂಪನಿಯನ್ನು ಬೈಯುವ ಎಷ್ಟೋ ಮಂದಿ ತಮ್ಮ ಬಕೆಟ್ಟನ್ನು ಒಮ್ಮೆ ನೋಡಿಕೊಳ್ಳಬೇಕು. ಪ್ರೈಮರ್ ಮೇಲೆ ವಾಟರ್ ಪೇಪರ್ ಉಜ್ಜುವಾಗ ಕೊನೆಯ ಒರೆತಕ್ಕಾದರೂ ಕುಡಿಯುವ ಫಿಲ್ಟರ್ ನೀರನ್ನು ಬಳಸಿ, ಸಂದುಗಳಲ್ಲಿ ಹನಿ ಉಳಿಯದಂತೆ ಆರಿಸಬೇಕು. ಹಾಗೆಯೇ, ಉಜ್ಜಿ ಹೊಳೆಯಿಸಿದ ತಗಡನ್ನು ರಾತ್ರಿ ಬರಿಮೈಯಲ್ಲಿ ಬಿಡಬಾರದು. ಉಜ್ಜಿದ ದಿನವೇ ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್ ಬೀಳಬೇಕು.

ಎಪಾಕ್ಸಿಯ ಮೇಲೆ, ಸಣ್ಣ ಗೀರು ತುಂಬಿ ಮೇಲ್ಮೈ ಸಮಮಾಡುವ ಸರ್ಫೇಸರ್ ಪದರ ಬಂದ ಬಳಿಕ ಕೆಲಸದ ನಿಜವಾದ ಪರೀಕ್ಷೆ ಇರುತ್ತದೆ. ಕಪ್ಪು ಬಣ್ಣವನ್ನು ತೆಳ್ಳಗೆ, ಮಂಜಿನಷ್ಟು ಮಾತ್ರ ಎರಚಿ, 400ನೇ ನಂಬರಿನ ಪೇಪರಿನಿಂದ ಉಜ್ಜಿದರೆ ಉಬ್ಬಿನ ಮೇಲಿನ ಕಪ್ಪು ಮೊದಲು ಹೋಗುತ್ತದೆ, ತಗ್ಗಿನಲ್ಲಿ ಕಪ್ಪು ಉಳಿದು ಎಲ್ಲಿ ಇನ್ನೂ ತುಂಬಬೇಕೆಂದು ತೋರಿಸುತ್ತದೆ. ಬೀದರಿನ ಬಿದರಿ ಕುಶಲಕರ್ಮಿಗಳೂ ಇಂತಹ ಉಪಾಯವನ್ನೇ ಮಾಡುತ್ತಾರೆ: ಎರಕ ಹೊಯ್ದ ಪಾತ್ರೆಯನ್ನು ಅರದಿಂದ ಉಜ್ಜಿ ನುಣುಪು ಮಾಡಿದ ಮೇಲೆ ಮೈಲುತುತ್ತದ ದ್ರಾವಣ ಬಳಿದು ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ, ಆ ಕಪ್ಪಿನ ಮೇಲೆ ಉಳಿಯ ಗೆರೆ ಎದ್ದು ಕಾಣುತ್ತದೆ. ಈ ಹಂತದಲ್ಲಿ ಆತುರಪಟ್ಟವರ ಕಾರು ದೂರದಿಂದ ಹೊಳೆಯುತ್ತದೆ, ಸಂಜೆಯ ಓರೆ ಬಿಸಿಲು ಬಿದ್ದಾಗ ಅಲೆಅಲೆಯಾಗಿ ಕಾಣುತ್ತದೆ.

ಕಾಲದ ಆಯ್ಕೆಯೂ ಮುಖ್ಯ. ಬೇಸಿಗೆಯಲ್ಲಿ ಬಣ್ಣದ ಹನಿ ಗನ್ನಿನಿಂದ ತಗಡಿಗೆ ತಲುಪುವ ಮುಂಚೆಯೇ ಅರ್ಧ ಒಣಗಿ ಮೇಲ್ಮೈ ಒರಟಾಗುತ್ತದೆ. ನಿಧಾನವಾಗಿ ಆರುವ ಥಿನ್ನರ್ ಹಾಕಿದರೆ ಸ್ವಲ್ಪ ಸುಧಾರಿಸಬಹುದಷ್ಟೇ. ಆಗಸ್ಟ್, ಸೆಪ್ಟೆಂಬರಿನ ತೇವದಲ್ಲಿ ಎನ್‌.ಸಿ., ಅಂದರೆ ನೈಟ್ರೋಸೆಲ್ಯುಲೋಸ್ ಬಣ್ಣ ಮಂಕಾಗಿ ಬಿಳಿಚಿಕೊಳ್ಳುತ್ತದೆ. ನವೆಂಬರಿನಿಂದ ಫೆಬ್ರುವರಿಯವರೆಗಿನ ಹವೆ ಉತ್ತಮ, ಆದರೆ ಹಳ್ಳಿಯಲ್ಲಿರುವವರು ಒಂದು ಎಚ್ಚರ ವಹಿಸಬೇಕು: ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ನಡೆಯುತ್ತಿರುತ್ತದೆ, ಯಂತ್ರದಿಂದ ಏಳುವ ಹೊಟ್ಟು ಮತ್ತು ದೂಳು ಓಣಿಗಳವರೆಗೂ ಬರುತ್ತದೆ. ಬೀದರಿನಂತಹ ಎತ್ತರದ ಊರಿನಲ್ಲಿ ಚಳಿಗಾಲದ ಇಬ್ಬನಿ ತಗಡಿನ ಮೇಲೆ ಕೂರುವುದರಿಂದ ಬಿಸಿಲೇರಿ ತಗಡು ಬೆಚ್ಚಗಾಗುವವರೆಗೆ ಕಾಯಬೇಕು. ಅಂಗಳದಲ್ಲಿ ಶಹಾಬಾದ ಕಲ್ಲು ಹಾಸಿದ್ದರೆ ಅದಕ್ಕೆ ನೀರು ಚಿಮುಕಿಸಿದರೆ ದೂಳು ಅಡಗುತ್ತದೆ.

ಈಗ ಕೊನೆಯ ಪದರ. ಇಂದು ಗ್ಯಾರೇಜುಗಳಲ್ಲಿ ಹೊಡೆಯುವುದು ಹಾರ್ಡ್ನರ್ ಬೆರೆಸುವ ಪಿ.ಯು., ಅಂದರೆ ಪಾಲಿಯುರೆಥೇನ್ ಬಣ್ಣ. ಹೊಳಪು, ಬಾಳಿಕೆ ಎರಡರಲ್ಲಿಯೂ ಅದಕ್ಕೆ ಸಾಟಿಯಿಲ್ಲ. ಆದರೆ ಆ ಹಾರ್ಡ್ನರಿನಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕವಿರುತ್ತದೆ. ಸ್ಪ್ರೇ ಮಾಡುವಾಗ ಅದು ಸೂಕ್ಷ್ಮ ಹನಿಗಳಾಗಿ ಗಾಳಿಯಲ್ಲಿ ತೇಲುತ್ತದೆ, ಉಸಿರಿನಲ್ಲಿ ಹೋದರೆ ಶಾಶ್ವತ ಆಸ್ತಮಾಕ್ಕೆ ಕಾರಣವಾಗಬಲ್ಲದು, ಒಮ್ಮೆ ದೇಹ ಅದಕ್ಕೆ ಸಂವೇದಿಯಾದರೆ ಮುಂದೆ ಅತಿ ಸಣ್ಣ ಪ್ರಮಾಣವೂ ಉಬ್ಬಸ ತರುತ್ತದೆ. ಮೂಗಿಗೆ ಕಟ್ಟಿದ ಟವೆಲ್ಲಾಗಲಿ, ಕೊರೊನಾ ಕಾಲದ ಎನ್-95 ಮಾಸ್ಕ್ ಆಗಲಿ ಇದನ್ನು ತಡೆಯುವುದಿಲ್ಲ. ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಮುಖಕವಚ ಬೇಕು. ಪಕ್ಕದ ಮನೆಯ ಮಾಳಿಗೆಯ ಮೇಲೆ ಮಕ್ಕಳು ಆಡುತ್ತಿರುವ ಓಣಿಯಲ್ಲಿ ಇದನ್ನು ಹೊಡೆಯುವ ಹಕ್ಕು ಯಾರಿಗೂ ಇಲ್ಲ. ಪೇಂಟರುಗಳ ಅಂಗಡಿಯಲ್ಲಿಯೂ ಬರಿ ಕರ್ಚೀಫು ಕಟ್ಟಿಕೊಂಡು ಗನ್ ಹಿಡಿದ ಹುಡುಗರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಸರಿಯಾದ ಬೂತ್ ಮತ್ತು ಮುಖಕವಚ ಇರುವ ಕಡೆಗೇ ಗಾಡಿ ಕೊಡುವುದು ಮಾಲೀಕರ ಕೈಯಲ್ಲಿದೆ. ಇದೇ ಎಚ್ಚರಿಕೆ ಹಾರ್ಡ್ನರ್ ಬೆರೆಸಿ ಹೊಡೆಯುವ ಸರ್ಫೇಸರಿಗೂ ಅನ್ವಯಿಸುತ್ತದೆ. ಮನೆಯಲ್ಲಿ ಹಾರ್ಡ್ನರ್ ಬೆರೆಸಬೇಕಿಲ್ಲದ ಸರ್ಫೇಸರ್ ಡಬ್ಬಿಯನ್ನೇ ಆರಿಸಿಕೊಳ್ಳಿ, ಎಪಾಕ್ಸಿ ಪ್ರೈಮರನ್ನು ಬ್ರಷ್ ಅಥವಾ ಸಣ್ಣ ರೋಲರಿನಿಂದ ಹಚ್ಚಿ ಉಜ್ಜಿಕೊಳ್ಳಿ.

ಒಂದು ಬಾಗಿಲನ್ನೋ ಬಾನೆಟ್ಟನ್ನೋ ಮಾತ್ರ ಮಾಡುವವರು ಎನ್‌.ಸಿ. ಬಣ್ಣವನ್ನು ಬಳಸಬಹುದು. ಅದಕ್ಕೂ ಥಿನ್ನರ್ ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್ ಬೇಕು, ಹತ್ತಿರ ಒಲೆ ಅಥವಾ ಬೀಡಿಯ ಕಿಡಿ ಇರಬಾರದು. ಗನ್ನನ್ನು 6ರಿಂದ 8 ಅಂಗುಲ ದೂರದಲ್ಲಿ ತಗಡಿಗೆ ಲಂಬವಾಗಿ ಹಿಡಿದು, ತಗಡಿಗೆ ಸಮಾನಾಂತರವಾಗಿ ಸರಿಸುತ್ತ, ಪ್ರತಿ ಸಾಲು ಹಿಂದಿನ ಸಾಲಿನ ಅರ್ಧವನ್ನು ಮುಚ್ಚುವಂತೆ ಸಾಗಬೇಕು. ಕೈ ನಿಂತಲ್ಲಿ ಬಣ್ಣ ಇಳಿಯುತ್ತದೆ. ಕಂಪ್ರೆಸರಿನ ಟ್ಯಾಂಕಿನಲ್ಲಿ ಸೇರಿದ ನೀರನ್ನು ಮೊದಲೇ ಹೊರಬಿಡಿ. ಬಿಳಿ ಬಣ್ಣದ ಕಾರಾದರೆ ತೇಪೆ ಕಾಣದಂತೆ ಮಾಡಬಹುದು, ಬೆಳ್ಳಿ ಬಣ್ಣದ ಮೆಟಾಲಿಕ್ ಆದರೆ ಆ ಸಾಹಸ ಬೇಡ. ಎನ್‌.ಸಿ. ಬಣ್ಣಕ್ಕೆ ಪೆಟ್ರೋಲ್ ತಾಗಬಾರದು ಎಂಬುದನ್ನೂ ನೆನಪಿಡಬೇಕು, ಟ್ಯಾಂಕಿನ ಮುಚ್ಚಳದ ಸುತ್ತ ಚೆಲ್ಲಿದರೆ ಅಲ್ಲಿ ಕರಗುತ್ತದೆ. ಅಂಬಾಸಿಡರ್, ಪದ್ಮಿನಿಯಂತಹ ಗಾಡಿಗಳ ಮೈಮೇಲೆ ಯಾವ ಕಾಲದಲ್ಲಿ ಯಾರು ಏನು ಬಳಿದಿದ್ದಾರೋ ಗೊತ್ತಿರುವುದಿಲ್ಲ. ಮರೆಯ ಜಾಗದಲ್ಲಿ ಥಿನ್ನರ್ ಅದ್ದಿದ ಬಟ್ಟೆ ಉಜ್ಜಿ ನೋಡಿ. ಬಣ್ಣ ಬಟ್ಟೆಗೆ ಇಳಿದರೆ ಅದು ಎನ್‌.ಸಿ.ಯಂತಹ ಕರಗುವ ಬಣ್ಣ, ಅದರ ಮೇಲೆ ನೇರವಾಗಿ ಪಿ.ಯು. ಹೊಡೆದರೆ ಕೆಳಪದರ ಸುಕ್ಕುಗಟ್ಟಿ ಏಳುತ್ತದೆ. ಅಷ್ಟು ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಅದನ್ನು ಮಾತ್ರ ಒಣದಾಗಿ ಉಜ್ಜದೆ, ನೀರು ಹಾಕಿ ಉಜ್ಜಬೇಕು.

ಬಣ್ಣ ಬದಲಿಸುವ ಆಸೆಯಿದ್ದರೆ, ನೋಂದಣಿ ಪತ್ರದಲ್ಲಿ ಗಾಡಿಯ ಬಣ್ಣವೂ ದಾಖಲಾಗಿರುವುದರಿಂದ ಆರ್‌ಟಿಒ ಕಚೇರಿಯಲ್ಲಿ ಅದನ್ನು ತಿದ್ದಿಸಿಕೊಳ್ಳಬೇಕು. ಸೇನೆಯ ಆಲಿವ್ ಹಸಿರನ್ನು ಖಾಸಗಿ ಗಾಡಿಗೆ ಹಚ್ಚುವುದನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ನಿಷೇಧಿಸಿವೆ. ಇದನ್ನು ಮುಖ್ಯವಾಗಿ ಹಳೆಯ ಜೀಪು ಕೊಂಡ ಯುವಕರಿಗಾಗಿ ಹೇಳುತ್ತಿದ್ದೇನೆ.

ಹೊಸ ಬಣ್ಣ ಪೂರ್ತಿ ಗಟ್ಟಿಯಾಗಲು ವಾರಗಳು ಬೇಕು, ಮೊದಲ ಒಂದು ತಿಂಗಳು ವ್ಯಾಕ್ಸ್ ಹಚ್ಚಬೇಡಿ. ಸಿಲಿಕೋನ್ ಇರುವ ಪಾಲಿಶ್ಶನ್ನು ಬಣ್ಣದ ಕೆಲಸ ನಡೆಯುವ ಜಾಗದ ಹತ್ತಿರವೂ ತರಬೇಡಿ, ಅದರ ಒಂದು ಸೋಂಕಿಗೆ ಹಸಿ ಬಣ್ಣ ದುಂಡುದುಂಡಾಗಿ ಸರಿದು ತಗಡು ಕಾಣುತ್ತದೆ. ಎಲ್ಲ ಆರಿದ ಮೇಲೆ ಬಾಗಿಲುಗಳ ಒಳಗೂ ಕೆಳಗಿನ ಪಟ್ಟಿಯ ಟೊಳ್ಳಿನೊಳಗೂ ತುಕ್ಕು ತಡೆಯುವ ಮೇಣದ ದ್ರಾವಣ ಸಿಂಪಡಿಸಿ, ಆ ಮೇಣದಿಂದ ತಳದ ರಂಧ್ರಗಳು ಮುಚ್ಚಿಹೋಗಿಲ್ಲವೆಂದು ಒಂದು ತಂತಿ ತೂರಿಸಿ ನೋಡಿ. ಪ್ರತಿ ವರ್ಷ ಮೃಗಶಿರಾ ಮಳೆ ಬೀಳುವ ಮುನ್ನ ಒಂದು ಸಲ, ಹಿಂಗಾರು ಬಿತ್ತನೆ ಮುಗಿದು ಹೊಲದ ಓಡಾಟ ಕಡಿಮೆಯಾದ ಮೇಲೆ ಇನ್ನೊಂದು ಸಲ ಆ ತಂತಿಯನ್ನು ತೂರಿಸಿ, ಮಡ್‌ಗಾರ್ಡಿನ ಒಳಗಿನ ಎರೆಮಣ್ಣನ್ನು ಕೆರೆದು ತೊಳೆಯುವುದು ಸಾಕು. ನಮಸ್ಕಾರ.