ಚೀಲದೊಳಗಿನ ಕನ್ನಡ

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತವರು ಮುಂದೆ ಬನ್ನಿ, ಬೆಂಚು ಖಾಲಿ ಇದೆ. ನಾವು ಕಲಿಯುವಾಗ ಇದೇ ಬೆಂಚಿನಲ್ಲಿ ಆರು ಜನ ಕೂರುತ್ತಿದ್ದೆವು.

ಮುಚ್ಚಿಹೋದ ನಮ್ಮ ಶಾಲೆಯ ಚರಿತ್ರೆ ಹೇಳಬೇಕು ಅಂತ ಕರೆದಿದ್ದೀರಿ. ಯಾರು ಜಾಗ ಕೊಟ್ಟರು, ಯಾರು ಮುರಕಲ್ಲು ಹೊತ್ತರು ಎಂಬುದು ನಿಮಗೇ ಜಾಸ್ತಿ ಗೊತ್ತು. ನಾನು ಬೇರೆ ಒಂದು ಪ್ರಶ್ನೆ ಹಿಡಿದುಕೊಂಡು ಬಂದಿದ್ದೇನೆ. ಕಾಸರಗೋಡಿನ ಈ ಗುಡ್ಡದ ಪೇಟೆಯಲ್ಲಿ ಕನ್ನಡ ಎಲ್ಲಿತ್ತು?

ಮನೆಯಲ್ಲಂತೂ ಇರಲಿಲ್ಲ. ನನ್ನ ಬೆಂಚನ್ನೇ ನೋಡಿ. ನಮ್ಮ ಮನೆಯಲ್ಲಿ ತುಳು, ‘ಯಾನ್ ಬರ್ಪೆ’. ಪಕ್ಕದವನದು ಹವ್ಯಕರ ಮನೆ, ‘ಆನು ಬತ್ತೆ’. ಅದೂ ಕನ್ನಡವೇ, ಆದರೆ ಹಾಗೆ ಬರೆದರೆ ಮಾಷ್ಟ್ರು ಕೆಂಪು ಗೀಟು ಎಳೆಯುತ್ತಿದ್ದರು. ಆಚೆ ತುದಿಯವನದು ಮಲಯಾಳ, ‘ಞಾನ್ ಬರಾಂ’. ಬ್ಯಾರಿ, ಕೊಂಕಣಿ, ಮರಾಟಿ ಮನೆಗಳ ಮಕ್ಕಳು ಬೇರೆ. ಗಂಟೆ ಹೊಡೆದ ಕೂಡಲೇ ಎಲ್ಲರೂ ‘ನಾನು ಬರುತ್ತೇನೆ’. ಗಂಟೆ ಅಂದರೆ ಏನು, ನೇತುಹಾಕಿದ ರೈಲು ಕಂಬಿಯ ತುಂಡು. ಸಂಜೆ ಅದು ಮತ್ತೆ ಹೊಡೆದರೆ ಕನ್ನಡ ಚೀಲದೊಳಗೆ.

ಕಾಸರಗೋಡು ತಾಲೂಕು 1956ರವರೆಗೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಜಾಗದ ಕಾಗದ ಕನ್ನಡ, ರಾತ್ರಿಯ ಯಕ್ಷಗಾನ ಕನ್ನಡ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಅಲ್ವಾ? ತುಳು ಮಾತಾಡುವವರೂ ಬರೆಯುತ್ತಿದ್ದದ್ದು ಕನ್ನಡವನ್ನೇ. ಹಾಗಾಗಿ ಹಳೇ ಕಾಲದ ಊರ ಗುರುಗಳಾದ ಐಗಳು ಬೆರಳು ಹಿಡಿದು ಹೊಯಿಗೆಯಲ್ಲಿ ತಿದ್ದಿಸಿದ್ದೂ ಅದನ್ನೇ. ಆಮೇಲೆ ಬಂದ ಬೋರ್ಡು ಶಾಲೆಗಳೂ ಅದೇ ದಾರಿ ಹಿಡಿದವು.

1956ರ ನವೆಂಬರ್ 1ಕ್ಕೆ ನಾವು ಕೇರಳದವರಾದೆವು. ಅದೇ ದಿನ ಸಂವಿಧಾನದ ಏಳನೇ ತಿದ್ದುಪಡಿ ಜಾರಿಗೆ ಬಂತು, ಅದರಲ್ಲಿ 350ಎ ವಿಧಿ ಇತ್ತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಇರಬೇಕು ಅಂತ. ಒಳ್ಳೆಯ ಮಾತೇ. ಆದರೆ ನಮ್ಮ ಬೆಂಚಿಗೆ ಹೊಂದಿಸಿ ನೋಡಿ, ಆರರಲ್ಲಿ ಐವರ ಮಾತೃಭಾಷೆ ಕನ್ನಡವಲ್ಲ! ಜನಗಣತಿಗೆ ಬರುತ್ತಿದ್ದವರೂ ನಮ್ಮ ಮಾಷ್ಟ್ರೇ. ಜಗಲಿಯಲ್ಲಿ ಕೂತ ಅಜ್ಜಿ ‘ತುಳು’ ಅಂದರೆ ಅವರು ತುಳು ಅಂತಲೇ ಬರೆಯಬೇಕು. ಗಣತಿಯಲ್ಲಿ ತುಳುವಿನ ಲೆಕ್ಕ ಬೇರೆ, ಕನ್ನಡದ್ದು ಬೇರೆ. ಅದೇ ಜಗಲಿಯಲ್ಲಿ ಮೊಮ್ಮಗಳು ಸ್ಲೇಟಿನಲ್ಲಿ ಕನ್ನಡ ಬರೆಯುತ್ತಿದ್ದದ್ದು ಯಾವ ಕಾಲಮ್ಮಿನಲ್ಲೂ ಬೀಳಲಿಲ್ಲ. 1967ರಲ್ಲಿ, ರಾಜ್ಯಗಳ ಗಡಿ ತಕರಾರು ನೋಡಲು ನೇಮಿಸಿದ ಮಹಾಜನ ಆಯೋಗ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಲಿ ಅಂದಿತು. ಅದು ಕಾಗದದಲ್ಲೇ ಉಳಿಯಿತು. ಆ ಕಥೆ ಶುರು ಮಾಡಿದರೆ ಊಟ ತಡವಾಗುತ್ತದೆ.

ಊಟ ಅಂದಾಗ ನೆನಪಾಯಿತು. ಇಲ್ಲಿ ಕೂತವರಲ್ಲಿ ಎರಡು ಪಂಗಡ ಇದೆ. ಅಮೆರಿಕದ ಕೇರ್ ಸಂಸ್ಥೆ ಕಳಿಸಿದ ನುಚ್ಚಿನ ಸಜ್ಜಿಗೆ ತಿಂದವರು ಹಿರಿಯರು. ಗಂಜಿ, ಹೆಸರುಕಾಳು ತಿಂದ ನಾವು ಕಿರಿಯರು. ಸಜ್ಜಿಗೆಯವರಿಗೆ ಇವತ್ತಿಗೂ ಸ್ವಲ್ಪ ಜಂಬ.

ಶಾಲೆಯನ್ನು ಯಾರೋ ಹೊರಗಿನವರು ಬಂದು ಮುಚ್ಚಲಿಲ್ಲ. ಮನೆಗೆ ಇಬ್ಬರೇ ಮಕ್ಕಳಾದರು. ಗುಡ್ಡದ ಬುಡಕ್ಕೆ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನು ಬಂತು. ಮುಂದೆ ಸರ್ಕಾರಿ ಕೆಲಸಕ್ಕೆ ಪಿಎಸ್‌ಸಿ ಪರೀಕ್ಷೆ ಬರೆಯಬೇಕಲ್ಲ ಅಂತ ಕೆಲವರು ಮಲಯಾಳ ಮೀಡಿಯಂಗೆ ಸೇರಿಸಿದರು. ನನ್ನ ಮಗಳನ್ನು ನಾನೂ ಆ ವ್ಯಾನಿಗೇ ಹತ್ತಿಸಿದೆ. ಇಲ್ಲಿ ನಿಂತು ಅದನ್ನು ಮುಚ್ಚಿಟ್ಟರೆ ಮರ್ಯಾದೆಯಲ್ಲ. ಒಂದು ಜೂನಿನಲ್ಲಿ ಒಂದನೇ ಕ್ಲಾಸಿಗೆ ಯಾರೂ ಬರಲಿಲ್ಲ. ಮಕ್ಕಳು ಸಾಲದ ಶಾಲೆಗೆ ಮಲಯಾಳದಲ್ಲಿ ‘ಅನಾದಾಯಕರ’ ಅನ್ನುತ್ತಾರೆ. ಆದಾಯ ಇಲ್ಲದ್ದು ಅಂತ ಅರ್ಥ. ಶಾಲೆಗೆ ಎಂಥ ಆದಾಯ ಮಾರಾಯ್ರೆ?

ತುಳು ಎಲ್ಲಿಗೂ ಹೋಗಲಿಲ್ಲ, ಅದಕ್ಕೆ ಅಡುಗೆಮನೆ ಇದೆ. ಹವ್ಯಕರ ಮಾತಿಗೂ ಇದೆ. ಕನ್ನಡಕ್ಕೆ ಇದ್ದದ್ದು ಈ ನಾಲ್ಕು ಗೋಡೆ. ನನ್ನ ಮಗಳು ಈಗಲೂ ಫೋನಿನಲ್ಲಿ ‘ಯಾನ್ ಬರ್ಪೆ’ ಅನ್ನುತ್ತಾಳೆ. ಇವತ್ತಿನ ಸಭೆಯ ಆಮಂತ್ರಣವನ್ನು ಮಾತ್ರ ನನ್ನ ಕೈಯಲ್ಲಿ ಓದಿಸಿಕೊಂಡಳು.