ಬ್ಯಾಟರಿ ಬದಲಿಸುವ ಮೊದಲು ಮಲ್ಟಿಮೀಟರ್ ಹಿಡಿಯಿರಿ

ಎಲ್ಲರಿಗೂ ನಮಸ್ಕಾರ ರೀ. ಕಲಬುರಗಿಯಿಂದ ಮಾತಾಡುತ್ತಿದ್ದೇನೆ. ಈಗ ನೀವು ನೋಡುತ್ತಿರುವುದು ಆಳಂದ ರೋಡಿನಲ್ಲಿರುವ ನಮ್ಮ ಮಾವನ ಮನೆಯ ಅಂಗಳ. ಶಹಾಬಾದಿ ಫರಸಿಯ ಮೇಲೆ ನಿಂತಿದೆಯಲ್ಲ, ಆ ಸಣ್ಣ ಬಿಳಿ ಪೆಟ್ರೋಲ್ ಕಾರು, ಇವತ್ತಿನ ವಿಷಯ ಅದೇ.

ಮಾವ ತೊಗರಿ ಹೊಲಕ್ಕೆ ಹೋಗುವುದು ಬೈಕಿನ ಮೇಲೆ. ಕಾರು ಹೊರಗೆ ಬರುವುದು ವಾರಕ್ಕೊಮ್ಮೆ, ಗಾಣಗಾಪುರಕ್ಕೋ, ಯಾರದೋ ಮದುವೆಗೋ. ಸರಿಯಾಗಿ ಆ ದಿನವೇ ಅದು ಚಾಲೂ ಆಗುವುದಿಲ್ಲ. ಕೀಲಿ ತಿರುಗಿಸಿದರೆ ಟಕ್ ಟಕ್ ಅನ್ನುತ್ತದೆ, ಅಷ್ಟೇ. "ಬ್ಯಾಟರಿ ಹೋಗ್ಯದ್ರಿ, ಹೊಸಾದು ಹಾಕ್ಸ್ರಿ" ಅಂತ ನೋಡಿದವರೆಲ್ಲ ಹೇಳಿದರು. ಹಾಕಿಸಿದ್ದೂ ಆಯಿತು. ಹೊಸ ಬ್ಯಾಟರಿಯೂ ಹಾಗೇ ಮಲಗಿತು. ತೂತಿರುವ ಟ್ಯಾಂಕಿಗೆ ಎಷ್ಟು ನೀರು ತುಂಬಿಸಿದರೇನು, ಅಲ್ವಾ?

ಅದಕ್ಕೇ ಕೇಳಿಕೊಳ್ಳುತ್ತೇನೆ. ಸಾವಿರಾರು ರೂಪಾಯಿ ಕೊಟ್ಟು ಬ್ಯಾಟರಿ ತರುವ ಮೊದಲು ಅರ್ಧ ದಿನ ಅಳತೆಗೆ ಕೊಡಿ. ಬೇಕಾದದ್ದು ಈ ಹಳದಿ ಮಲ್ಟಿಮೀಟರ್, ಅಂದರೆ ವೋಲ್ಟೇಜ್, ಕರೆಂಟ್ ಎರಡನ್ನೂ ಅಳೆಯುವ ಸಾಧನ. ನಮ್ಮಲ್ಲಿ ಸೂಪರ್ ಮಾರ್ಕೆಟ್ ಕಡೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಜೊತೆಗೆ 10 ನಂಬರಿನ ಪಾನಾ, ಒಂದು ಸ್ಕ್ರೂಡ್ರೈವರ್, ಎರಡೂ ತುದಿಗೆ ಕ್ಲಿಪ್ ಇರುವ ಒಂದು ತುಂಡು ವೈರ್. ಕೈಯಲ್ಲಿ ಉಂಗುರ, ಕಡಗ ಇದ್ದರೆ ತೆಗೆದಿಡಿ. ಬ್ಯಾಟರಿ ಹತ್ತಿರ ಬೀಡಿ, ಸಿಗರೇಟು ಬೇಡವೇ ಬೇಡ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಬರುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ.

ಮೊದಲು ವೋಲ್ಟೇಜ್. ಡಯಲ್ ಅನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ, ಕೆಂಪು ಪ್ರೋಬ್ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ರಾತ್ರಿಯಿಡೀ ಸುಮ್ನೆ ನಿಂತ ಗಾಡಿಯಲ್ಲಿ 12.6 ಬಂದರೆ ಬ್ಯಾಟರಿ ತುಂಬಿದೆ. 12.2 ಬಂದರೆ ಹೆಚ್ಚುಕಡಿಮೆ ಅರ್ಧ. ಮಾವನ ಕಾರಿನಲ್ಲಿ ಬಂದದ್ದು 11.7. ಅಂದರೆ ಖಾಲಿ. ಚಾರ್ಜರ್ ಹಾಕಿ ಪೂರ್ತಿ ತುಂಬಿಸಿದೆವು. ಇದನ್ನು ಬಿಡಬೇಡಿ, ಖಾಲಿ ಬ್ಯಾಟರಿ ಇಟ್ಟುಕೊಂಡು ಮುಂದಿನ ಅಳತೆ ಮಾಡಿದರೆ ಲೆಕ್ಕ ದಾರಿ ತಪ್ಪುತ್ತದೆ.

ಆಮೇಲೆ ಇಂಜಿನ್ ಚಾಲೂ ಮಾಡಿ ಅದೇ ಜಾಗದಲ್ಲಿ ಮತ್ತೆ ಅಳತೆ. ಮೀಟರ್ 14.2 ತೋರಿಸುತ್ತಿದೆ ನೋಡಿ. ಹೆಡ್‌ಲೈಟ್, ಬ್ಲೋವರ್ ಎರಡೂ ಹಾಕಿದರೂ 13.9ರ ಹತ್ತಿರ ನಿಂತಿದೆ. ಆಲ್ಟರ್ನೇಟರ್, ಅಂದರೆ ಇಂಜಿನ್ ಓಡುವಾಗ ಕರೆಂಟ್ ಮಾಡಿ ಬ್ಯಾಟರಿ ತುಂಬಿಸುವ ಯಂತ್ರ, ಸರಿಯಾಗಿ ಚಾರ್ಜ್ ಮಾಡುತ್ತಿದೆ ಅಂತ ಅರ್ಥ. ಇಲ್ಲಿ 13ಕ್ಕಿಂತ ಕೆಳಗೆ ಬಂದರೆ ನಿಮ್ಮ ತೊಂದರೆ ಚಾರ್ಜಿಂಗ್ ಕಡೆ ಇದೆ. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ನಮ್ಮ ಬೇಸಿಗೆಯಲ್ಲಿ ಅಂಥ ಬ್ಯಾಟರಿಯ ನೀರು ಬೇಗ ಆರಿಹೋಗುತ್ತದೆ.

ಬ್ಯಾಟರಿ ಹೊಸದು, ಚಾರ್ಜ್ ಆಗುತ್ತಿದೆ, ಆದರೂ ನಾಲ್ಕು ದಿನ ನಿಂತರೆ ಖಾಲಿ. ಹಾಗಾದರೆ ಗಾಡಿ ಬಂದ್ ಆದಮೇಲೂ ಏನೋ ಒಂದು ಕರೆಂಟ್ ಎಳೆಯುತ್ತಿದೆ.

ಇಲ್ಲಿಂದ ಸ್ವಲ್ಪ ನಿಧಾನ. ಈ ಭಾಗವನ್ನು ಗಮನವಿಟ್ಟು ನೋಡಿ, ಬೇಕಾದರೆ ವಿಡಿಯೋ ನಿಲ್ಲಿಸಿ ಮತ್ತೆ ನೋಡಿ.

ಮೀಟರಿನಲ್ಲಿ ಮೂರು ಸಾಕೆಟ್ ಇವೆ. ಕಪ್ಪು ವೈರ್ 'ಕಾಮ್' ಸಾಕೆಟ್‌ನಲ್ಲೇ ಇರಲಿ. ಕೆಂಪು ವೈರನ್ನು ಮಾತ್ರ ಕಿತ್ತು 10 ಆಂಪ್ ಸಾಕೆಟ್ಟಿಗೆ ಹಾಕಿ, ಡಯಲ್ಲನ್ನೂ 10 ಆಂಪಿಗೆ ತಿರುಗಿಸಿ. ಈ ಸ್ಥಿತಿಯಲ್ಲಿ ಎರಡು ಪ್ರೋಬ್‌ಗಳನ್ನು ಬ್ಯಾಟರಿಯ ಪ್ಲಸ್ ಮೈನಸ್ಸಿಗೆ ಯಾವತ್ತೂ ಮುಟ್ಟಿಸಬೇಡಿ. ಅದು ನೇರ ಶಾರ್ಟ್. ಅಗ್ಗದ ಮೀಟರುಗಳಲ್ಲಿ ಈ 10 ಆಂಪ್ ಸಾಕೆಟ್ಟಿಗೆ ಹೆಚ್ಚಾಗಿ ಒಳಗೆ ಫ್ಯೂಸೇ ಇರುವುದಿಲ್ಲ. ವೈರ್ ಸುಟ್ಟು ಕೈಗೆ ಬರುತ್ತದೆ.

ಈಗ ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಬೇಕು. ಮೈನಸ್ಸೇ ಯಾಕೆ? ಪ್ಲಸ್ ಬಿಚ್ಚುವಾಗ ಪಾನಾ ಗಾಡಿಯ ಮೈಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ. ಮೈನಸ್ಸಿನಲ್ಲಿ ಆ ಭಯ ಇಲ್ಲ, ಗಾಡಿಯ ಮೈ ಅಂದರೆ ಮೈನಸ್ಸೇ ತಾನೆ. ಬಿಚ್ಚುವ ಮೊದಲು ಕ್ಲಿಪ್ ವೈರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಕೇಬಲ್ಲಿಗೆ ಹಾಕಿಡಿ. ಆಗ ಕೇಬಲ್ ಬಿಚ್ಚಿದರೂ ಕರೆಂಟ್ ಕಡಿಯುವುದಿಲ್ಲ, ಗಡಿಯಾರ ಮತ್ತೆ ಸರಿಮಾಡುವ ಕೆಲಸವೂ ಇಲ್ಲ. ಆಮೇಲೆ ಮೀಟರಿನ ಒಂದು ಪ್ರೋಬ್ ಕಂಬಕ್ಕೆ, ಇನ್ನೊಂದು ಕೇಬಲ್ಲಿಗೆ. ಕೊನೆಗೆ ಕ್ಲಿಪ್ ವೈರ್ ತೆಗೆಯಿರಿ. ಈಗ ಗಾಡಿಗೆ ಹೋಗುವ ಕರೆಂಟೆಲ್ಲ ಮೀಟರಿನ ಮೂಲಕವೇ ಹೋಗಬೇಕು.

ಮೀಟರ್ ಹಾಕಿದ ಹೊತ್ತಿನಲ್ಲಿ ಇಂಜಿನ್ ಚಾಲೂ ಮಾಡಬಾರದು, ಹೆಡ್‌ಲೈಟ್ ಹಾಕಬಾರದು. ಸ್ಟಾರ್ಟರ್ ನೂರಕ್ಕಿಂತ ಜಾಸ್ತಿ ಆಂಪ್ ಎಳೆಯುತ್ತದೆ. ಅದಕ್ಕೆ ಕೀಲಿಯನ್ನು ಮಾವನ ಕೈಗೇ ಕೊಟ್ಟು ಒಳಗೆ ಕಳಿಸಿದೆ. "ಮಾವ, ನಾ ಹೇಳೋತನಕ ಯಾರಿಗೂ ಕೊಡಬ್ಯಾಡ್ರಿ."

ಮೊದಲ ರೀಡಿಂಗ್ 1.8 ಆಂಪ್. ಮಾವ ಕಿಟಕಿಯಿಂದಲೇ ಕೇಳಿದರು, "ಸಿಕ್ತೇನೋ ತಮ್ಮಾ?" ಇಲ್ಲ, ಇದನ್ನು ಲೆಕ್ಕಕ್ಕೆ ಹಿಡಿಯಬಾರದು. ಈಗಿನ ಗಾಡಿಗಳಲ್ಲಿ ಸಣ್ಣ ಸಣ್ಣ ಕಂಪ್ಯೂಟರುಗಳು ಇರುತ್ತವೆ. ಬಾಗಿಲು ತೆಗೆದರೆ ಎಚ್ಚರವಾಗುತ್ತವೆ, ಮುಚ್ಚಿ ಲಾಕ್ ಮಾಡಿದ ಮೇಲೂ ಕೆಲವು ನಿಮಿಷ ಎಚ್ಚರವಾಗಿಯೇ ಇರುತ್ತವೆ. ಕೆಲವು ಗಾಡಿಗಳಿಗೆ ಅರ್ಧ ಗಂಟೆ ಬೇಕು, ಕೆಲವಕ್ಕೆ ಇನ್ನೂ ಜಾಸ್ತಿ. ಸ್ಮಾರ್ಟ್ ಕೀ ಇರುವ ಗಾಡಿಯಾದರೆ ಕೀಲಿಯನ್ನು ದೂರ ಇಡಿ, ಹತ್ತಿರ ಇದ್ದರೆ ಗಾಡಿ ಎದ್ದೇ ಇರುತ್ತದೆ. ಎಷ್ಟೋ ಜನ ಈ ಮೊದಲ ರೀಡಿಂಗ್ ನೋಡಿ ಗಾಬರಿಯಾಗಿ ಸುಮ್ನೆ ವೈರಿಂಗ್ ಬಿಚ್ಚಿಸುತ್ತಾರೆ. ಒಂದು ಚಹಾ ಕುಡಿದು ಬನ್ನಿ. ಇಡೀ ಕೆಲಸದಲ್ಲಿ ತಾಳ್ಮೆ ಬೇಕಾಗುವುದು ಇಲ್ಲೇ.

ಮುಕ್ಕಾಲು ಗಂಟೆ ಆದಮೇಲೆ ಮೀಟರ್ 0.31ಕ್ಕೆ ಬಂದು ನಿಂತಿತು. ಅಲ್ಲಿಂದ ಕೆಳಗೆ ಇಳಿಯಲೇ ಇಲ್ಲ.

ಇದು ಜಾಸ್ತೀನಾ? ಜಾಸ್ತಿ. ಗಡಿಯಾರ, ರಿಮೋಟ್ ಲಾಕ್, ಕಂಪ್ಯೂಟರಿನ ನೆನಪು, ಇವೆಲ್ಲ ಸೇರಿ ಸಾಮಾನ್ಯವಾಗಿ 0.02ರಿಂದ 0.05 ಆಂಪ್ ಎಳೆಯುತ್ತವೆ. ಅಂದರೆ 20ರಿಂದ 50 ಮಿಲಿಆಂಪ್. ಅದು ಇರಬೇಕಾದದ್ದೇ. ನಮ್ಮದು 310 ಮಿಲಿಆಂಪ್. ಈ ಬ್ಯಾಟರಿ 35 ಆಂಪ್-ಅವರ್, ಅಂದರೆ ಲೆಕ್ಕಕ್ಕೆ ಒಂದು ಆಂಪ್ ಎಳೆದರೆ 35 ಗಂಟೆ ಬರುವಷ್ಟು. 35ನ್ನು 0.31ರಿಂದ ಭಾಗಿಸಿದರೆ ಸುಮಾರು 113 ಗಂಟೆ, ಐದು ದಿನವೂ ಪೂರ್ತಿ ಆಗುವುದಿಲ್ಲ. ಬ್ಯಾಟರಿ ಪೂರ್ತಿ ಖಾಲಿಯಾಗುವ ಎಷ್ಟೋ ಮೊದಲೇ ಸ್ಟಾರ್ಟರ್ ಕೈ ಎತ್ತುತ್ತದೆ. ಮೇಲಾಗಿ ಕಲಬುರಗಿಯ ಬಿಸಿಲು. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಸೆಖೆ ಏರಿದಷ್ಟೂ ಬ್ಯಾಟರಿ ತನ್ನಷ್ಟಕ್ಕೆ ತಾನೇ ಕಳೆದುಕೊಳ್ಳುವ ಚಾರ್ಜೂ ಜಾಸ್ತಿ. ವಾರಕ್ಕೊಮ್ಮೆ ಓಡುವ ಗಾಡಿ ಇದರಲ್ಲಿ ಉಳಿಯುವುದು ಹೇಗೆ?

ಈಗ ಎಲ್ಲಿ ಅನ್ನುವುದನ್ನು ಹುಡುಕಬೇಕು. ಹೆಚ್ಚಿನವರು ಒಂದೊಂದೇ ಫ್ಯೂಸ್ ಕಿತ್ತು, ಮೀಟರಿನಲ್ಲಿ ಯಾವಾಗ ಅಂಕಿ ಇಳಿಯುತ್ತದೆ ಅಂತ ನೋಡುತ್ತಾರೆ. ಹಳೆಯ ಗಾಡಿಗೆ ಅದು ಸಾಕು. ಹೊಸ ಗಾಡಿಯಲ್ಲಿ ಫ್ಯೂಸ್ ಕಿತ್ತು ಮತ್ತೆ ಹಾಕಿದರೆ ಮಲಗಿದ ಕಂಪ್ಯೂಟರ್ ಮತ್ತೆ ಏಳುತ್ತದೆ, ಮತ್ತೆ ಮುಕ್ಕಾಲು ಗಂಟೆ ಕಾಯಬೇಕು. ನನಗೆ ಇಷ್ಟವಾದದ್ದು ಇನ್ನೊಂದು ದಾರಿ. ಫ್ಯೂಸ್ ಕೀಳದೆ ಅದರ ಮೇಲಿನ ಮಿಲಿವೋಲ್ಟ್ ಅಳೆಯುವುದು.

ಮೈನಸ್ ಕೇಬಲ್ ಮೊದಲಿನಂತೆ ಬಿಗಿ ಮಾಡಿದೆ. ಡ್ರೈವರ್ ಬಾಗಿಲು ತೆರೆದು, ಅದರ ಲಾಕಿನ ನಾಲಿಗೆಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದೆ. ಬಾಗಿಲು ಹಾಕಿದೆ ಅಂತ ಗಾಡಿ ತಿಳಿಯುತ್ತದೆ, ನಾವು ಒಳಗಿನ ಫ್ಯೂಸ್ ಬಾಕ್ಸ್ ಮುಟ್ಟಬಹುದು. ಕೆಲಸ ಮುಗಿದ ಮೇಲೆ ಹಿಡಿಕೆ ಎಳೆದು ಆ ನಾಲಿಗೆ ಬಿಡಿಸಿ, ಆಮೇಲಷ್ಟೇ ಬಾಗಿಲು ಹಾಕಿ. ಇಲ್ಲದಿದ್ದರೆ ಲಾಕ್ ಮುರಿಯುತ್ತದೆ. ಮತ್ತೆ ಗಾಡಿ ಮಲಗುವ ತನಕ ಕಾದೆ.

ಕೆಂಪು ವೈರ್ ವಾಪಸ್ ವೋಲ್ಟ್ ಸಾಕೆಟ್ಟಿಗೆ, ಡಯಲ್ 200 ಮಿಲಿವೋಲ್ಟಿಗೆ. ಪ್ರತಿ ಫ್ಯೂಸಿನ ತಲೆಯ ಮೇಲೆ ಎರಡು ಸಣ್ಣ ಲೋಹದ ಚುಕ್ಕೆ ಕಾಣುತ್ತವೆ. ಎರಡಕ್ಕೂ ಪ್ರೋಬ್ ಮುಟ್ಟಿಸಿ. ಕರೆಂಟ್ ಹರಿಯದ ಫ್ಯೂಸಿನಲ್ಲಿ ಸೊನ್ನೆ. ಹರಿಯುತ್ತಿದ್ದರೆ ಫ್ಯೂಸಿನ ತಂತಿಯೇ ಸಣ್ಣ ರೆಸಿಸ್ಟೆನ್ಸ್ ಆಗಿ ಚೂರು ವೋಲ್ಟೇಜ್ ತೋರಿಸುತ್ತದೆ. ಸೊನ್ನೆ, ಸೊನ್ನೆ, ಸೊನ್ನೆ, ಒಂದರಲ್ಲಿ 0.1. ಈ ನೀಲಿ 15 ಆಂಪ್ ಫ್ಯೂಸಿನಲ್ಲಿ ನೋಡಿ, 1.4 ಮಿಲಿವೋಲ್ಟ್! ಈ ಅಳತೆಯ ಸಣ್ಣ ಫ್ಯೂಸಿಗೆ ಅಷ್ಟು ಬಂದರೆ ಹೆಚ್ಚುಕಡಿಮೆ 300 ಮಿಲಿಆಂಪ್. ನಾವು ಹುಡುಕುತ್ತಿದ್ದ ಲೆಕ್ಕ ಇಲ್ಲೇ ಕೂಡಿಬಂತು. ಎಷ್ಟು ಖುಷಿಯಾಯಿತು ಅಂದರೆ, ಮಾವನನ್ನು ಅಂಗಳಕ್ಕೇ ಕರೆದೆ.

ಬಾಕ್ಸಿನ ಮುಚ್ಚಳದ ಮೇಲೆ ಆ ಫ್ಯೂಸಿಗೆ ರೇಡಿಯೋ, ರೂಮ್ ಲೈಟ್ ಅಂತ ಗುರುತಿದೆ. ಲೈಟ್ ಆರಿದೆ. ಸ್ಟೀರಿಯೋ ಪಕ್ಕಕ್ಕೆ ಕೈ ಇಟ್ಟೆ. ಬೆಚ್ಚಗಿತ್ತು! ಸ್ಕ್ರೀನ್ ಕಪ್ಪಾಗಿದೆ, ಗಾಡಿಯಲ್ಲಿ ಕೀಲಿಯೂ ಇಲ್ಲ, ಆದರೂ ಒಳಗೆ ಎಚ್ಚರವಾಗಿದೆ. ಇದು ಕಂಪನಿಯಿಂದ ಬಂದ ಸ್ಟೀರಿಯೋ ಅಲ್ಲ, ಆಮೇಲೆ ಹೊರಗಡೆ ಹಾಕಿಸಿದ ಟಚ್‌ಸ್ಕ್ರೀನ್.

ಇದನ್ನು ಹೊರಗೆ ಎಳೆದು ಹಿಂದಿನ ವೈರ್ ನೋಡಿದೆ. ಹೊರಗೆ ಸಿಗುವ ಸ್ಟೀರಿಯೋಗಳಲ್ಲಿ ಸಾಮಾನ್ಯವಾಗಿ ಹಳದಿ ವೈರಿಗೆ ಬ್ಯಾಟರಿಯಿಂದ ಸದಾ ಕರೆಂಟ್ ಬರಬೇಕು, ಅದು ನೆನಪಿಗೆ. ಕೆಂಪು ವೈರಿಗೆ ಕೀಲಿ ತಿರುಗಿಸಿದಾಗ ಮಾತ್ರ ಬರಬೇಕು, ಅದು ಆನ್ ಆಗುವ ಸೂಚನೆ. ಕಪ್ಪು ಅರ್ಥಿಂಗ್. ಇಲ್ಲಿ ಹಳದಿಯನ್ನೂ ಕೆಂಪನ್ನೂ ಸೇರಿಸಿ ತಿರುಚಿ ಟೇಪ್ ಸುತ್ತಿದ್ದರು. ಕೀಲಿ ತೆಗೆದರೂ ಸ್ಟೀರಿಯೋಗೆ ಗೊತ್ತಾಗುವುದೇ ಇಲ್ಲ. ಹಗಲು ರಾತ್ರಿ ಓಡುತ್ತಲೇ ಇದೆ.

ಎರಡನ್ನೂ ಬಿಡಿಸಿದೆ. ಕೆಂಪಿಗೆ ಸರಿಯಾದ ವೈರ್ ಹುಡುಕಲೂ ಇದೇ ಮೀಟರ್, 20 ವೋಲ್ಟಿನಲ್ಲಿ. ಕೀಲಿ ಬಂದ್ ಇದ್ದಾಗ ಸೊನ್ನೆ, ಎಸಿಸಿಗೆ, ಅಂದರೆ ಇಂಜಿನ್ ಚಾಲೂ ಮಾಡದೆ ರೇಡಿಯೋ ಓಡುವ ಜಾಗಕ್ಕೆ, ತಿರುಗಿಸಿದಾಗ 12 ತೋರಿಸುವ ವೈರ್ ಗಾಡಿಯ ಕನೆಕ್ಟರಿನಲ್ಲೇ ಸಿಕ್ಕಿತು. ಬ್ಯಾಟರಿಯ ಮೈನಸ್ ಬಿಚ್ಚಿ, ಕೆಂಪನ್ನು ಆ ಎಸಿಸಿ ವೈರಿಗೆ ಜೋಡಿಸಿ, ಬೆಸುಗೆ ಹಾಕಿ, ಮೇಲೆ ಸ್ಲೀವ್ ಏರಿಸಿದೆ. ಬರೀ ಟೇಪ್ ನಮ್ಮ ಬಿಸಿಲಿಗೆ ಜಾರುತ್ತದೆ, ದಯವಿಟ್ಟು ಬೇಡ.

ಮತ್ತೆ ಆಂಪ್ ಅಳತೆ, ಮತ್ತೆ ಅದೇ ಕಾಯುವಿಕೆ. ಈ ಸಲ 0.02. ಈ ಲೆಕ್ಕದಲ್ಲಿ ಬ್ಯಾಟರಿ ಅರ್ಧಕ್ಕೆ ಇಳಿಯಲು ಒಂದು ತಿಂಗಳ ಮೇಲೆ ಬೇಕು. "ಅಂದ್ರ ಹಳೇ ಬ್ಯಾಟರಿ ಚೊಲೋನೇ ಇತ್ತೇನು?" ಅಂತ ಮಾವ ಕೇಳಿದರು. ಇದ್ದಿರಬಹುದು. ಆದರೆ ಕಾರ್ ಬ್ಯಾಟರಿ ಪದೇ ಪದೇ ಪೂರ್ತಿ ಖಾಲಿಯಾದರೆ ಒಳಗಿನ ಪ್ಲೇಟ್ ಹಾಳಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ. ಸೋರಿಕೆಯನ್ನು ಬೇಗ ಹುಡುಕಬೇಕು ಅನ್ನುವುದು ಇದಕ್ಕೇ.

ನಿಮ್ಮ ಗಾಡಿಯಲ್ಲಿ ಬೇರೆ ಏನಾದರೂ ಇರಬಹುದು. ಆರದೆ ಉಳಿದ ಡಿಕ್ಕಿ ಲೈಟ್, ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಅಂಟಿಕೊಂಡ ರಿಲೇ (ಕರೆಂಟಿನಿಂದ ಓಡುವ ಸ್ವಿಚ್). ಹೊರಗಡೆ ಹಾಕಿಸಿದ ಸಾಮಾನು ಯಾವುದಿದೆಯೋ ಅದರಿಂದಲೇ ಶುರು ಮಾಡಿ.

ಯಾವ ಫ್ಯೂಸಿನಲ್ಲೂ ಏನೂ ಕಾಣದಿದ್ದರೆ ಆಲ್ಟರ್ನೇಟರ್ ಮೇಲೆ ಅನುಮಾನ ಪಡಿ. ಕರೆಂಟನ್ನು ಒಂದೇ ಕಡೆಗೆ ಬಿಡುವ ಒಳಗಿನ ಡಯೋಡ್ ಕೆಟ್ಟರೆ ನಿಂತ ಗಾಡಿಯಲ್ಲೂ ಕರೆಂಟ್ ವಾಪಸ್ ಸೋರುತ್ತದೆ, ಮತ್ತು ಅದರ ದಪ್ಪ ಕೇಬಲ್ ಈ ಸಣ್ಣ ಫ್ಯೂಸುಗಳ ಮೂಲಕ ಹೋಗುವುದೇ ಇಲ್ಲ. ಆ ಕೇಬಲ್ ಬಿಚ್ಚಿ ನೋಡುವ ಕೆಲಸವನ್ನು ಆಟೋ ಎಲೆಕ್ಟ್ರಿಷಿಯನ್‌ಗೆ ಬಿಡಿ. ಅವರ ಬಳಿ ಹೋಗುವಾಗ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ನಿಂತಾಗ ಎಷ್ಟು ವೋಲ್ಟ್, ಚಾಲೂ ಇದ್ದಾಗ ಎಷ್ಟು, ಮಲಗಿದ ಮೇಲೆ ಎಷ್ಟು ಆಂಪ್, ಯಾವ ಫ್ಯೂಸ್ ನೋಡಿ ಆಗಿದೆ. ಅವರ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ, ನಿಮ್ಮ ಖರ್ಚೂ ಅಷ್ಟು ಕಡಿಮೆ.